ಭಾವನ ತೋಟದ ವ್ಯಾಪಾರ ನೀತಿ

ಮಲೆನಾಡಿನಲ್ಲಿ ನಮ್ಮ ಭಾವನಿಗೆ ಆರೆಕರೆ ತೋಟವಿದೆ. ಅದರಲ್ಲಿ ಅಡಿಕೆ ಇದೆ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಇದೆ, ನೆರಳಲ್ಲಿ ಕಾಫಿ ಇದೆ. ಮೂರೂ ಒಂದೇ ಗೊಬ್ಬರ ತಿಂದು, ಒಂದೇ ಮಂಗಗಳ ಕಾಟ ಸಹಿಸಿಕೊಂಡು ಬೆಳೆಯುತ್ತವೆ. ಆದರೆ ಅಂತರರಾಷ್ಟ್ರೀಯ ವ್ಯಾಪಾರದ ಮಾತು ಬಂತೆಂದರೆ ಭಾವನದು ಬೆಳೆಗೊಂದು ಸಿದ್ಧಾಂತ.

ಕಾಫಿಯಲ್ಲಿ ಅವರು ಅಪ್ಪಟ ಮುಕ್ತ ವ್ಯಾಪಾರವಾದಿ. ನಮ್ಮ ದೇಶದ ಕಾಫಿ ಬಹುಪಾಲು ಹಡಗು ಹತ್ತುವಂಥದ್ದು. ಇಟಲಿಯವನು ಕುಡಿದರೆ ಇಲ್ಲಿ ರೇಟು. 'ಗಡಿ, ಸುಂಕ ಎಲ್ಲ ಮನುಷ್ಯನ ಮೂರ್ಖತನ ಮಾರಾಯ' ಎನ್ನುತ್ತಾರೆ. ಅಡಿಕೆ ಗೊನೆ ಕಣ್ಣಿಗೆ ಬಿದ್ದೊಡನೆ ಅದೇ ಮನುಷ್ಯ ಕಟ್ಟಾ ಸ್ವದೇಶಿ. ಹೊರಗಿನ ಅಡಿಕೆಗೆ ಶೇ 100 ಸುಂಕವಿದೆ, 2023ರಿಂದ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆಯಿದೆ. ಅವರಿಗೆ ಇದೂ ಸಾಲದು. 2022ರಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಒಪ್ಪಿದಾಗ, ಹಿಮಾಲಯದ ಆ ಪುಟ್ಟ ದೇಶದ ಮೇಲೆ ಭಾವ ಜಗಲಿಯಿಂದಲೇ ಯುದ್ಧ ಸಾರಿದ್ದರು. ಇನ್ನು ಮೆಣಸಿನ ವಿಷಯದಲ್ಲಿ ಅವರು ವಲಸೆ ಅಧಿಕಾರಿ. ವಿಯೆಟ್ನಾಮಿನ ಕಾಳು ಶ್ರೀಲಂಕಾದ ಸರ್ಟಿಫಿಕೇಟು ಕಟ್ಟಿಕೊಂಡು ಒಳಗೆ ನುಗ್ಗುತ್ತದೆ ಎಂಬ ಗುಮಾನಿಯಲ್ಲಿ ಅಂಗಡಿಯ ಮೆಣಸನ್ನೂ ಮೂಸಿ ನೋಡುತ್ತಾರೆ.

ನಾನು ನಗುವ ಹಾಗಿಲ್ಲ. ಭಾವನಿಗೊಂದು ಕೋಟು ತೊಡಿಸಿದರೆ ಯಾವ ದೇಶಕ್ಕೆ ಬೇಕಾದರೂ ವಾಣಿಜ್ಯ ಮಂತ್ರಿಯಾಗಬಲ್ಲರು. ಮಾರುವಾಗ ಮುಕ್ತ ವ್ಯಾಪಾರ, ಕೊಳ್ಳುವಾಗ ದೇಶಭಕ್ತಿ. ಇಂಥ 166 ಭಾವಂದಿರನ್ನು ಒಂದೇ ಜಮಖಾನದ ಮೇಲೆ ಕೂರಿಸುವ ಸಾಹಸಕ್ಕೇ ವಿಶ್ವ ವ್ಯಾಪಾರ ಸಂಸ್ಥೆ ಎಂದು ಹೆಸರು.

ಈ ಸಂಸ್ಥೆ 1995ರಿಂದ ಜಿನೀವಾದ ಸರೋವರದ ದಂಡೆಯಲ್ಲಿದೆ. ಅಲ್ಲಿ ಎಲ್ಲರೂ ತಲೆಯಾಡಿಸಿದರಷ್ಟೇ ತೀರ್ಮಾನ. ಹಾಗಾಗಿ ತೀರ್ಮಾನವಾಗುವುದು ಕಮ್ಮಿ, ಸರೋವರ ನೋಡುವುದು ಜಾಸ್ತಿ. ನಮ್ಮ ಭತ್ತದ ಬೆಂಬಲ ಬೆಲೆ ಅತಿಯಾಯಿತೇ ಎಂದು ಅವರು ಇವತ್ತಿಗೂ ಅಳೆಯುವುದು 1986-88ರ ಸರಾಸರಿ ಬೆಲೆಯ ಮೊಳಕೋಲಿನಲ್ಲಿ. ಇದಕ್ಕೊಂದು ಶಾಶ್ವತ ಪರಿಹಾರವನ್ನು 2017ರೊಳಗೆ ಕೊಡುತ್ತೇವೆಂದು 2013ರಲ್ಲಿ ಬಾಲಿಯಲ್ಲಿ ಮಾತಾಗಿತ್ತು. 2017 ಬಂದು ಹೋಯಿತು, ಮೊಳಕೋಲು ಬದಲಾಗಲಿಲ್ಲ. 'ಹಾಗಾದರೆ ಗೊಬ್ಬರವನ್ನೂ 86ರ ರೇಟಿಗೇ ಕೊಡಲಿ' ಎಂದರು ಭಾವ. ಜಿನೀವಾದ ಯಾವ ಕಡತದಲ್ಲೂ ಈ ಸಲಹೆ ಇರಲಾರದು.

ಭಾವನಿಗೂ ಜಿನೀವಾಕ್ಕೂ ಹಳೇ ಹಗೆ. 1993ರಲ್ಲಿ ರೈತ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರೆಗೆ ಓಗೊಟ್ಟು, ಹಸಿರು ಶಾಲು ಹೊದ್ದು ಬೆಂಗಳೂರಿಗೆ ಹೋಗಿ ಈ ಸಂಸ್ಥೆಗೆ ಅಡಿಪಾಯ ಹಾಕಿದ ಡಂಕೆಲ್ ಪ್ರಸ್ತಾವಕ್ಕೆ ಧಿಕ್ಕಾರ ಕೂಗಿ ಬಂದವರು. ಮೂರು ದಿನ ಗಂಟಲು ಕಟ್ಟಿತ್ತಂತೆ. ಜಿನೀವಾದ ಕಟ್ಟಳೆ ಮುರಿಯುವ, ಲಕ್ಷಗಟ್ಟಲೆ ರೈತರು ಕೂಗಿಯೂ ಆಗದಿದ್ದ ಕೆಲಸವನ್ನು ಕೊನೆಗೆ ಮಾಡಿಕೊಟ್ಟವರು ಅಮೆರಿಕದ ಅಧ್ಯಕ್ಷರು, ಅದೂ ಶಾಲು ಹೊದೆಯದೆ.

ಅವರು ಕೆಲಸ ಮುಗಿಸಿದ್ದೂ ಒಂದು ತೋಟದಲ್ಲೇ. 2025ರ ಏಪ್ರಿಲ್ 2ರಂದು ಶ್ವೇತಭವನದ ಗುಲಾಬಿ ತೋಟದಲ್ಲಿ ನಿಂತು, ಹೋಟೆಲಿನ ತಿಂಡಿ ಪಟ್ಟಿಯಂಥ ಬೋರ್ಡು ಎತ್ತಿ ಹಿಡಿದು, ಯಾವ ದೇಶಕ್ಕೆ ಎಷ್ಟು ಸುಂಕ ಎಂದು ಟ್ರಂಪ್ ಸಾಹೇಬರು ಸಾರಿದರು. ನರಪಿಳ್ಳೆಯೂ ಇಲ್ಲದ ಹರ್ಡ್ ಮತ್ತು ಮ್ಯಾಕ್‌ಡೊನಾಲ್ಡ್ ದ್ವೀಪಗಳಿಗೂ ಶೇ 10 ಬಿತ್ತು. ಅಲ್ಲಿರುವುದು ಪೆಂಗ್ವಿನ್ನು ಮತ್ತು ಸೀಲು. ಪಾಪ, ಅವು ಯಾವ ಅಪೀಲು ಹಾಕಿಯಾವು?

ಈ ಲೆಕ್ಕದ ಹಿಂದೆ ಗ್ರೀಕ್ ಅಕ್ಷರಗಳ ಒಂದು ಸೂತ್ರವಿತ್ತು. ಬಿಡಿಸಿದವರಿಗೆ ಕಂಡದ್ದು ಇಷ್ಟು: ಆ ದೇಶದೊಂದಿಗಿನ ವ್ಯಾಪಾರ ಕೊರತೆಯನ್ನು ಅಲ್ಲಿಂದ ಬರುವ ಆಮದಿನಿಂದ ಭಾಗಿಸು, ಬಂದದ್ದರಲ್ಲಿ ಅರ್ಧ ಹಾಕು. ನಡುವೆ ಗಂಭೀರವಾಗಿ ಕೂತಿದ್ದ ಎರಡು ಗ್ರೀಕ್ ಅಕ್ಷರಗಳಲ್ಲಿ ಒಂದರ ಬೆಲೆ 4, ಇನ್ನೊಂದರದು 0.25. ನಾಲ್ಕು ಕಾಲು ಸೇರಿದರೆ ಒಂದು ಎಂದು ನಮ್ಮೂರ ಮಂಡಿಯ ಹುಡುಗನಿಗೂ ಗೊತ್ತು. ಅವನಿಗೆ ಗ್ರೀಕ್ ಬಾರದು, ಅಷ್ಟೇ ಕೊರತೆ.

ಆಮೇಲಿನದು ಮರ್ಜಿಯ ರಾಜ್ಯಭಾರ. ರಷ್ಯದ ಎಣ್ಣೆ ಕೊಂಡ ತಪ್ಪಿನ ದಂಡವೂ ಸೇರಿ ಆಗಸ್ಟ್ ಹೊತ್ತಿಗೆ ಭಾರತಕ್ಕೆ ಶೇ 50 ಬಿತ್ತು. ಅಕ್ಟೋಬರಿನಲ್ಲಿ ಮೆತ್ತೆ ಹಾಕಿದ ಸೋಫಾ, ಅಡುಗೆಮನೆ ಕಪಾಟುಗಳ ಮೇಲೆ ಸುಂಕ ಬಂತು. ಕಾರಣ ರಾಷ್ಟ್ರೀಯ ಭದ್ರತೆ. ಅಣುಬಾಂಬು ಇಟ್ಟುಕೊಂಡ ದೇಶಕ್ಕೆ ಹೊರಗಿನ ಸೋಫಾದ ಭಯ. ನವೆಂಬರಿನಲ್ಲಿ ದಿನಸಿ ಬಿಲ್ಲು ನೋಡಿ ಅಲ್ಲಿಯ ಜನ ಗೊಣಗಿದಾಗ, ಕಾಫಿ ಮತ್ತು ಬಾಳೆಹಣ್ಣಿನ ಮೇಲಿನ ಪ್ರತಿಸುಂಕ ಸದ್ದಿಲ್ಲದೆ ಇಳಿಯಿತು.

ಯುರೋಪಿನವರು ಸಭ್ಯರು. ಅವರು ಬೋರ್ಡು ಹಿಡಿಯುವುದಿಲ್ಲ, ಫಾರಂ ಕೊಡುತ್ತಾರೆ. ಕಾಡು ಕಡಿದು ಬೆಳೆದ ಕಾಫಿ ಬೇಡ ಎಂದು 2023ರಲ್ಲೊಂದು ಕಾನೂನು ಮಾಡಿದರು. ಅದರ ಪ್ರಕಾರ ತೋಟ ಎಲ್ಲಿದೆ ಎಂದು ಅಕ್ಷಾಂಶ, ರೇಖಾಂಶವನ್ನು ಆರು ದಶಮಾಂಶ ಸ್ಥಾನದವರೆಗೆ ಹೇಳಬೇಕು. ಭಾವನ ಪಹಣಿಯಲ್ಲಿ ಇನ್ನೂ ಅವರ ಅಜ್ಜನ ಹೆಸರೇ ಇದೆ. ತಾಲ್ಲೂಕು ಕಚೇರಿಗೆ ಗೊತ್ತಾಗದ ಜಾಗ ಬ್ರಸೆಲ್ಸಿಗೆ ಗೊತ್ತಾಗಬೇಕಂತೆ. ಕಾನೂನು ಮಾಡಿದವರಿಗೂ ಅದು ಭಾರವಾಗಿ, ಜಾರಿಯ ದಿನವನ್ನು ವರ್ಷ ವರ್ಷ ಎರಡು ಸಲ ಮುಂದೂಡಿದರು. ವಾಯಿದೆ ಪಡೆಯುವುದರಲ್ಲಿ ನಾವೇ ಜಗದ್ಗುರು ಎಂದುಕೊಂಡಿದ್ದೆ.

'ಇಷ್ಟೆಲ್ಲ ಅನ್ಯಾಯ ಕೇಳಲಿಕ್ಕೆ ಅಲ್ಲೊಂದು ಕೋರ್ಟಿಲ್ವಾ?' ಎಂದರು ಭಾವ, ಅಡಕತ್ತರಿ ಆಡಿಸುತ್ತ.

ಇದೆ, ಜಡ್ಜುಗಳಿಲ್ಲ ಎಂದೆ. ಜಿನೀವಾದ ಮೇಲ್ಮನವಿ ಪೀಠದಲ್ಲಿ ಏಳು ಕುರ್ಚಿ. ಒಂದು ಅಪೀಲು ಕೇಳಲು ಮೂವರಾದರೂ ಬೇಕು. ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕುತ್ತ ಬಂತು. ಒಬಾಮ ಕಾಲದಲ್ಲಿ ಶುರುವಾದದ್ದನ್ನು ಟ್ರಂಪ್ ಪೂರ್ತಿ ಮಾಡಿದರು, ಬೈಡನ್ ಧೂಳು ಒರೆಸದೆ ಹಾಗೇ ಉಳಿಸಿದರು. 2019ರ ಡಿಸೆಂಬರಿನಲ್ಲಿ ಪೀಠ ನಿಂತುಹೋಯಿತು, 2020ರ ನವೆಂಬರಿಗೆ ಕೊನೆಯ ಕುರ್ಚಿಯೂ ಖಾಲಿ. ಈಗ ಕೆಳಗಿನ ಸಮಿತಿಯಲ್ಲಿ ಸೋತವರು ಮೇಲೊಂದು ಅಪೀಲು ಹಾಕಿದರೆ ಮುಗಿಯಿತು. ಕೇಳುವವರಿಲ್ಲ, ತೀರ್ಪಿಲ್ಲ, ಸೋಲಿಲ್ಲ.

ಉಕ್ಕಿನ ವ್ಯಾಜ್ಯವೊಂದರಲ್ಲಿ ಅದೇ ಡಿಸೆಂಬರಿನಲ್ಲಿ ಅಮೆರಿಕ ಹೀಗೆ ನಿಂತುಹೋದ ಪೀಠಕ್ಕೆ ಅಪೀಲು ಹಾಕಿದ್ದು ನಮ್ಮ ವಿರುದ್ಧವೇ. ನಾವು ಸುಮ್ಮನಿದ್ದೆವೇ? ಕಬ್ಬು, ಸಕ್ಕರೆಗೆ ನಾವು ಕೊಡುವ ನೆರವಿನ ಮೇಲೆ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲ ಹೂಡಿದ್ದ ದಾವೆಯಲ್ಲಿ 2021ರ ಡಿಸೆಂಬರಿನಲ್ಲಿ ಸೋತೆವು. ಬೆನ್ನಲ್ಲೇ ಅದೇ ಖಾಲಿ ಕುರ್ಚಿಗಳಿಗೆ ಕೈಮುಗಿದು ಅಪೀಲು ಸಲ್ಲಿಸಿದೆವು. ಪೀಠ ಮುಚ್ಚಿಸಿದವರನ್ನು ಎಲ್ಲರೂ ಬೈಯುತ್ತಾರೆ. ಬೈದು, ತಮ್ಮದೊಂದು ಅರ್ಜಿ ಅಲ್ಲೇ ಒಳಗೆ ತೂರಿಸುತ್ತಾರೆ.

ಭಾವನ ಕಣ್ಣು ಅರಳಿತು. ಕೆಳಗಿನ ತೋಟದವನ ಜೊತೆ ಅವರದು ಹನ್ನೆರಡು ವರ್ಷದ ಬೇಲಿ ವ್ಯಾಜ್ಯ. ಮೊದಲ ಕೋರ್ಟಿನಲ್ಲಿ ಸೋತು, ಅಪೀಲಿನಲ್ಲಿ ಸ್ಟೇ ತಂದು, ಆ ನಾಲ್ಕು ಗುಂಟೆಯ ಅಡಿಕೆಯನ್ನು ಇವತ್ತಿಗೂ ಕೊಯ್ಯುತ್ತಿರುವವರು ಅವರೇ. 'ಜಡ್ಜೇ ಇಲ್ಲದ ಅಪೀಲು ಕೋರ್ಟು! ನಮ್ಮ ತಾಲ್ಲೂಕಿಗೆ ಆ ಪುಣ್ಯ ಯಾವಾಗಲೋ' ಎಂದು ನಿಟ್ಟುಸಿರಿಟ್ಟರು.

ಅಷ್ಟರಲ್ಲಿ ಮೇಲಿನ ಗುಡ್ಡದಿಂದ ಜೆಸಿಬಿ ಸದ್ದು. ಆ ಕಡೆಯ ನಲವತ್ತು ಎಕರೆಯನ್ನು ಹೋದ ವರ್ಷ ಯಾರೋ ಪೇಟೆಯವರು ಕೊಂಡಿದ್ದರು. ಹೋಗಿ ನೋಡಿದರೆ, ಎರಡು ತೋಟಕ್ಕೂ ಸರದಿಯಲ್ಲಿ ನೀರು ಹಾಯುತ್ತಿದ್ದ ಹಳ್ಳಕ್ಕೆ ಅಡ್ಡ ಮಣ್ಣು ಏರುತ್ತಿದೆ. ಭಾವ ಲುಂಗಿ ಎತ್ತಿಕಟ್ಟಿ ಕೂಗಿದರು. ಅಲ್ಲಿಯ ಮೇನೇಜರು ತಣ್ಣಗೆ ಹೇಳಿದ: 'ಕಾಡುಕೋಣ ಬರ್ತವೆ ಸಾರ್. ಸೆಕ್ಯೂರಿಟಿಗೆ.'

ಭಾವ ಮೊಬೈಲು ನನ್ನ ಕೈಗೆ ತುರುಕಿದರು. 'ಲಾಯರಿಗೆ ಹಚ್ಚು. ಇವತ್ತೇ ಕೋರ್ಟಿಗೆ ಹಾಕ್ತೇನೆ.'

'ಯಾವ ಕೋರ್ಟಿಗೆ ಭಾವ?'

ಅವರು ಒಣಗುತ್ತಿದ್ದ ಹಳ್ಳ ನೋಡಿದರು, ಕೆಳಗಿನ ತೋಟದ ಬೇಲಿ ನೋಡಿದರು.

'ಜಡ್ಜ್ ಇರೋ ಕೋರ್ಟಿಗೆ ಮಾರಾಯ.'