ಗೋಡೆಗೆ ಸುಣ್ಣ, ಆಶಾಗೆ ಶಾಲು

ನಮ್ಮ ಹಳ್ಳಿಗಳಲ್ಲಿ ಸರ್ಕಾರದ ಚಿಕಿತ್ಸೆಯನ್ನು ಒಂದು ಡೋಸೂ ತಪ್ಪದೆ ಪಡೆದ ರೋಗಿ ಯಾರಾದರೂ ಇದ್ದರೆ, ಅದು ಆರೋಗ್ಯ ಉಪಕೇಂದ್ರದ ಗೋಡೆ. ಮೊದಲು ಅದು ಬರೀ ಉಪಕೇಂದ್ರವಾಗಿತ್ತು. 2018ರಲ್ಲಿ ಆಯುಷ್ಮಾನ್ ಭಾರತ್ ಬಂತು. ಗೋಡೆ ಹಳದಿಯಾಯಿತು, ಅಂಚಿಗೆ ಕಂದು ಬಂತು, ಹೆಸರು ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ ಎಂದಾಯಿತು. ಜನರ ನಾಲಿಗೆ ಆ ಹೆಸರಿಗೆ ಹೊರಳುವಷ್ಟರಲ್ಲಿ 2023ರ ನವೆಂಬರಿನಲ್ಲಿ ದಿಲ್ಲಿಯಿಂದ ಇನ್ನೊಂದು ಪತ್ರ. ಇನ್ನು ಮೇಲೆ ಇದು ‘ಆಯುಷ್ಮಾನ್ ಆರೋಗ್ಯ ಮಂದಿರ’. ಜೊತೆಗೆ ‘ಆರೋಗ್ಯಂ ಪರಮಂ ಧನಂ’ ಎಂದು ಬರೆಸಬೇಕು, ವರ್ಷ ಮುಗಿಯುವುದರೊಳಗೆ ಬರೆಸಬೇಕು, ಬರೆಸಿದ ಬೋರ್ಡಿನ ಫೋಟೊ ತೆಗೆದು ಪೋರ್ಟಲ್‌ಗೆ ಹಾಕಬೇಕು. ಕೇಂದ್ರವೊಂದಕ್ಕೆ 3,000 ರೂಪಾಯಿ ಲೆಕ್ಕ. ಫೋಟೊದಲ್ಲಿ ರೋಗಿಯಾಗಲಿ ಔಷಧಿಯಾಗಲಿ ಕಾಣಲೇಬೇಕೆಂಬ ಹಟ ಯಾರಿಗೂ ಇರಲಿಲ್ಲ.

ಬಣ್ಣವೆಂದರೆ ಸಣ್ಣ ವಿಷಯ ಅಂದುಕೊಳ್ಳಬೇಡಿ. ಪಶ್ಚಿಮ ಬಂಗಾಳ ಇದೇ ಬಣ್ಣದ ವಿಚಾರದಲ್ಲಿ ತಕರಾರು ತೆಗೆದು, ಕೇಂದ್ರದಿಂದ ಬರಬೇಕಾದ ಆರೋಗ್ಯದ ದುಡ್ಡು ನಿಂತು, ಕೊನೆಗೆ ಮುಖ್ಯಮಂತ್ರಿಯೇ ಪ್ರಧಾನಿಗೆ ಪತ್ರ ಬರೆಯಬೇಕಾಯಿತು. ಕಾಮಾಲೆ ಬಂದರೆ ರೋಗಿ ಹಳದಿಯಾಗುತ್ತಾನೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆಡಳಿತಶಾಸ್ತ್ರದ ಪ್ರಕಾರ ಆಸ್ಪತ್ರೆ ಹಳದಿಯಾಗದಿದ್ದರೆ ಕಾಯಿಲೆ.

ಕಟ್ಟಡದ ಹೊರಗಿನ ಚಿಕಿತ್ಸೆ ದಿಲ್ಲಿಯದಾದರೆ, ಒಳಗಿನದು ನಮ್ಮದೇ. ಹಿಂದೆ ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಎಂದಿದ್ದವರು ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’. ಅವರ ಪಕ್ಕದ ಕುರ್ಚಿಗೆ ಹೊಸದಾಗಿ ಬಂದವರು ‘ಸಮುದಾಯ ಆರೋಗ್ಯ ಅಧಿಕಾರಿ’. ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ, ಮಲೆನಾಡಿನಂಥ ಕಡೆ ಮೂರು ಸಾವಿರಕ್ಕೆ ಒಂದು ಎಂಬುದು ನಿಯಮ. ಅಷ್ಟು ಜನರ ಆರೋಗ್ಯಕ್ಕೆ ಇಬ್ಬರು ಅಧಿಕಾರಿಗಳು ಸಿಕ್ಕಿದ್ದಾರೆ, ಮೆಚ್ಚಬೇಕಾದ್ದೇ. ಎರಡನೆಯ ಅಧಿಕಾರಿಯ ನೌಕರಿ ಗುತ್ತಿಗೆಯದು ಎಂಬುದನ್ನು ಮಾತ್ರ ಬೋರ್ಡಿನ ಮೇಲೆ ಬರೆಸಿಲ್ಲ. ಊರಿನವರಂತೂ ಇಬ್ಬರನ್ನೂ ‘ಸಿಸ್ಟರ್’ ಅಂತಲೇ ಕರೆಯುತ್ತಾರೆ. ಗೆಜೆಟ್ ಓದುವ ಅಭ್ಯಾಸ ಇಲ್ಲದ ಜನ.

ಇನ್ನು ಆರೋಗ್ಯ ಕಾರ್ಡಿನ ಕಥೆ. 2003ರಲ್ಲಿ ಸಹಕಾರ ಸಂಘದ ರೈತರಿಗೆಂದು ‘ಯಶಸ್ವಿನಿ’ ಬಂತು. ಹೆಸರು ಚೆನ್ನಾಗಿತ್ತು, ಯಾವ ನಾಯಕರದೂ ಅಲ್ಲ. ಈ ಲೋಪ ಬೇಗ ಯಾರದೋ ಕಣ್ಣಿಗೆ ಬಿದ್ದಿರಬೇಕು. 2010ರಲ್ಲಿ ಬಿಪಿಎಲ್ ಕುಟುಂಬಗಳಿಗೆ ‘ವಾಜಪೇಯಿ ಆರೋಗ್ಯಶ್ರೀ’ ಬಂತು. ಆಮೇಲೆ ಸರ್ಕಾರ ಬದಲಾಗಿ ಎಪಿಎಲ್ ಕುಟುಂಬಗಳಿಗೆ ‘ರಾಜೀವ್ ಆರೋಗ್ಯ ಭಾಗ್ಯ’ ಬಂತು. ಬಡವನ ಹೃದಯಕ್ಕೆ ವಾಜಪೇಯಿ, ಅಷ್ಟೇನೂ ಬಡವನಲ್ಲದವನ ಹೃದಯಕ್ಕೆ ರಾಜೀವ್. ರೇಷನ್ ಕಾರ್ಡ್ ನೋಡಿ ರೋಗಿಗಳಿಗೆ ಪಕ್ಷ ಹಂಚಿದ ಕೀರ್ತಿ ನಮ್ಮ ರಾಜ್ಯಕ್ಕೆ ಸಲ್ಲಬೇಕು.

2018ರಲ್ಲಿ ಇವೆಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ‘ಆರೋಗ್ಯ ಕರ್ನಾಟಕ’ ಮಾಡಿದರು, ಅದೇ ವರ್ಷ ‘ಆಯುಷ್ಮಾನ್ ಭಾರತ್’ ಅದರ ತಲೆಯ ಮೇಲೆ ಬಂದು ಕೂತಿತು. ಆ ಪಾತ್ರೆಯೊಳಗೆ ಕರಗಿಹೋಗಿದ್ದ ಯಶಸ್ವಿನಿ 2022ರಲ್ಲಿ ಪುನರ್ಜನ್ಮ ಪಡೆಯಿತು. ಈಗ ಕಾರ್ಡಿನ ಮೇಲಿರುವ ಹೆಸರು ಇದು: ‘ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ – ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ’. ಇದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವನಿಗೆ ಶ್ವಾಸಕೋಶದ ತೊಂದರೆ ಏನೂ ಇಲ್ಲ ಎಂದು ಅಲ್ಲೇ ಬರೆದುಕೊಡಬಹುದು, ಎಕ್ಸ್‌ರೇ ಖರ್ಚು ಉಳಿಯುತ್ತದೆ. ಎಡಕ್ಕೆ ಪ್ರಧಾನಿ, ಬಲಕ್ಕೆ ಮುಖ್ಯಮಂತ್ರಿ, ನಡುವೆ ಒಂದು ಅಡ್ಡಗೆರೆ. ರೋಗಿಯನ್ನು ಮಲಗಿಸಿರುವುದು ಆ ಅಡ್ಡಗೆರೆಯ ಮೇಲೆ.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯೊಳಗೆ. ಕಾಗದದ ಮೇಲೆ ಇದು ಸಣ್ಣ ಸಹಾಯವಲ್ಲ, ಇದರಿಂದ ಬದುಕಿ ಬಂದವರು ಇದ್ದಾರೆ. ಆದರೆ ಕಾರ್ಡು ಹಿಡಿದು ನೇರವಾಗಿ ಖಾಸಗಿ ಆಸ್ಪತ್ರೆಯ ಬಾಗಿಲಿಗೆ ಹೋಗುವಂತಿಲ್ಲ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಲೆಟರ್ ತರಬೇಕು. ಸರ್ಕಾರವೊಂದು ‘ಇದು ನಮ್ಮ ಕೈಲಾಗುವುದಿಲ್ಲ’ ಎಂದು ಸಹಿ ಮಾಡಿ, ಸೀಲು ಒತ್ತಿ, ಪ್ರಜೆಯ ಕೈಗೆ ಕೊಡುವ ಪ್ರಾಮಾಣಿಕ ದಾಖಲೆ ಇದೊಂದೇ. ಅದನ್ನು ಪಡೆಯುವುದಕ್ಕೂ ಎರಡು ದಿನ ಅಲೆಸುತ್ತಾರೆ ಎಂಬುದು ಬೇರೆ ಮಾತು.

ಹಿಂದೆಯೂ ಹೀಗೇ ಇತ್ತೇ ಎಂದರೆ, ಪೂರ್ತಿ ಹೀಗಿರಲಿಲ್ಲ. 1930ರಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಸರ್ಕಾರವೇ ಇಂಥದ್ದನ್ನು ತೆರೆದದ್ದು ಜಗತ್ತಿನಲ್ಲೇ ಮೊದಲು ಎಂಬ ಮಾತಿದೆ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳಿಗೆ ಅರಮನೆಯ ಹೆಂಗಸರ ಹೆಸರಿತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಆದರೆ ಹೆಸರಿನ ಜೊತೆಗೆ ಆಸ್ಪತ್ರೆಯೂ ಇತ್ತು, ಮತ್ತು ಆ ಹೆಸರು ಇವತ್ತಿಗೂ ಅದೇ ಇದೆ.

ನಗರದವರಿಗೆ 2022ರ ಡಿಸೆಂಬರಿನಲ್ಲಿ ‘ನಮ್ಮ ಕ್ಲಿನಿಕ್’ ಬಂತು. ಆಗ ನಿಗದಿಯಾದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಗಾರ್ಮೆಂಟ್ಸಿನ ಹೆಣ್ಣುಮಕ್ಕಳೂ ಗಾರೆ ಕೆಲಸದವರೂ ತಮ್ಮ ಜ್ವರವನ್ನು ಈ ವೇಳೆಯೊಳಗೆ ತಂದುಕೊಂಡರೆ ಉಚಿತ, ಕೆಲಸ ಬಿಟ್ಟು ಬರುವುದರಿಂದ ಆ ದಿನದ ಕೂಲಿಯೂ ಉಚಿತವಾಗಿ ಹೋಗುತ್ತಿತ್ತು.

ಇಷ್ಟೆಲ್ಲ ನಾಮಕರಣಗಳ ನಡುವೆ 2005ರಿಂದ ಹೆಸರು ಬದಲಾಗದೆ ಉಳಿದವರು ಊರೂರಿನ ಆರೋಗ್ಯ ಕಾರ್ಯಕರ್ತೆಯರಾದ ಆಶಾಗಳು. ಸರ್ಕಾರಕ್ಕೆ ಮರೆತುಹೋಗಿರಬೇಕು. ಸಂಬಳ ಕೊಡುವುದೂ ಹಾಗೆಯೇ ಮರೆತುಹೋಗಿದೆ. ಸಾವಿರ ಜನಕ್ಕೆ ಒಬ್ಬಳು, ಅದೇ ಊರಿನ ಸೊಸೆಯಾಗಿದ್ದರೆ ಒಳ್ಳೆಯದು ಎಂದು ನಿಯಮ. ಮಗಳಾದರೆ ಮದುವೆಯಾಗಿ ಬೇರೆ ಊರಿಗೆ ಹೋಗಿಬಿಡುತ್ತಾಳೆ, ಸೊಸೆ ಎಲ್ಲಿಗೆ ಹೋಗುತ್ತಾಳೆ? ಸರ್ಕಾರದ ದೂರದೃಷ್ಟಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕರ್ನಾಟಕದಲ್ಲಿ ಇವರು ಸುಮಾರು 42,000 ಮಂದಿ. ಕಾನೂನಿನ ಕಣ್ಣಿನಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ರಾತ್ರಿ ಎರಡು ಗಂಟೆಗೆ ನೋವು ತಿನ್ನುವ ಬಸುರಿಯನ್ನು 108ಕ್ಕೆ ಹತ್ತಿಸಿ ತಾಲ್ಲೂಕಿಗೆ ಹೋಗುವುದು ಇವರ ಹವ್ಯಾಸ.

ಹವ್ಯಾಸಕ್ಕೂ ಸರ್ಕಾರ ದರಪಟ್ಟಿ ಮಾಡಿಟ್ಟಿದೆ. ಹೆರಿಗೆಯಾದ ಮನೆಗೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಸಲ ಹೋಗಿ, ಕೂಸನ್ನು ತೂಗಿ, ಮೈ ಬಿಸಿ ನೋಡಿ, ಬಾಣಂತಿಯ ಅತ್ತೆಯ ಉಪದೇಶ ಕೇಳಿ ಬಂದರೆ 250 ರೂಪಾಯಿ. ಒಂದು ಮಗುವಿಗೆ ಮೊದಲ ವರ್ಷದ ಲಸಿಕೆಯೆಲ್ಲ ಹಾಕಿಸಿ ಮುಗಿಸಿದರೆ 100. ಮಲೇರಿಯಾ ಪರೀಕ್ಷೆಗೆ ಒಬ್ಬರ ರಕ್ತದ ಲೇಪನ ತೆಗೆದರೆ 15. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಒಂದು ಕಾಫಿ ಕುಡಿಯಬೇಕಾದರೆ ಒಬ್ಬ ಜ್ವರದವನ ರಕ್ತ ಸಾಲದು. ಈ ದುಡ್ಡೂ ಕೈಗೆ ಬರುವುದು ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಎಂಟ್ರಿಯಾದರೆ. ಸರ್ವರ್ ಡೌನ್ ಆದ ದಿನ ಹುಟ್ಟಿದ ಕೂಸು ಲೆಕ್ಕದ ಪ್ರಕಾರ ಇನ್ನೂ ಹೊಟ್ಟೆಯಲ್ಲೇ ಇದೆ. 2024ರಲ್ಲಿ ‘ಗೃಹ ಆರೋಗ್ಯ’ ಬಂದ ಮೇಲೆ ಮನೆಮನೆಯ ಬಿಪಿ, ಶುಗರ್ ತಪಾಸಣೆಯೂ ಇವರ ಚೀಲಕ್ಕೆ ಸೇರಿತು. ಚೀಲ ಮಾತ್ರ ಅದೇ ಹಳೆಯದು.

ಈ ಅರೆಕಾಸಿನ ಹವ್ಯಾಸ ಏನು ಮಾಡಿದೆ ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2005–06ರ ಹೊತ್ತಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ನೂರಕ್ಕೆ ಸುಮಾರು 65. 2019–20ಕ್ಕೆ ಅದು 97. ಈ ಅಂಕಿಯನ್ನು ಪ್ರತಿ ಸರ್ಕಾರವೂ ತನ್ನ ಸಾಧನೆಯ ಪುಸ್ತಕದಲ್ಲಿ ಅಚ್ಚು ಹಾಕಿಸಿಕೊಂಡಿದೆ. ಅದರಲ್ಲಿ ರಸ್ತೆ, ಆಂಬುಲೆನ್ಸ್, ಓದಿದ ಹೆಣ್ಣುಮಕ್ಕಳು ಎಲ್ಲರ ಪಾಲೂ ಇದೆ, ನಿಜ. ಆದರೆ ಮನೆಯಲ್ಲೇ ಹೆರಲಿ ಎಂದು ಕೂತ ಅಜ್ಜಿಯನ್ನು ಒಪ್ಪಿಸಿದವರು ಯಾರು? ರಸ್ತೆ ಹೋಗಿ ಒಪ್ಪಿಸಲಿಲ್ಲ.

ಹಾಗಂತ ಸರ್ಕಾರದವರು ಕೃತಘ್ನರಲ್ಲ. 2020ರ ಕೊರೊನಾದಲ್ಲಿ ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು, ಹೂ ಎರಚಿದರು. ಅದೇ ವರ್ಷ ಜುಲೈನಲ್ಲಿ ತಿಂಗಳಿಗೆ 12,000 ನಿಗದಿ ಮಾಡಿ ಎಂದು ಇವರು ಕೆಲಸ ನಿಲ್ಲಿಸಿದಾಗ ಹೂ ಖಾಲಿಯಾಗಿತ್ತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ‘ಜಾಗತಿಕ ಆರೋಗ್ಯ ನಾಯಕರು’ ಎಂಬ ಪ್ರಶಸ್ತಿ ಘೋಷಿಸಿತು. ಊರಿನಲ್ಲಿ ಸ್ವಯಂಸೇವಕಿ, ಜಿನೀವಾದಲ್ಲಿ ನಾಯಕಿ, ಖಜಾನೆಯಲ್ಲಿ ಗೈರುಹಾಜರಿ. ಆರೋಗ್ಯವೇ ಪರಮ ಧನ ಎಂದು ಗೋಡೆಯ ಮೇಲೆ ಬರೆಸಿಯೇ ಆಗಿದೆಯಲ್ಲ, ಮತ್ತೆ ಇವರಿಗೆ ಬೇರೆ ಧನ ಯಾತಕ್ಕೆ ಎಂದು ಹಣಕಾಸು ಇಲಾಖೆ ಕೇಳಿದರೆ ತಪ್ಪು ಹೇಳುವುದು ಕಷ್ಟ.

2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಕೇಳಿದ್ದು 15,000. ಮುಖ್ಯಮಂತ್ರಿಗಳು ಕರೆಸಿ ಮಾತಾಡಿ, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ಎಂದು ಭರವಸೆ ಕೊಟ್ಟರು. ಆಶಾಗಳು ಧರಣಿ ಮುಗಿಸಿ ಊರಿಗೆ ಹೋದರು. ಏಪ್ರಿಲ್ ಬಂತು, ಹೋಯಿತು. ಆಗಸ್ಟಿನಲ್ಲಿ ಇವರು ಮತ್ತೆ ಬೀದಿಗೆ ಬಂದು, ಈ ಸಲ ಮಳೆಯಲ್ಲಿ ಕೂತರು. ಚಳಿ, ಮಳೆ ಎರಡೂ ಆಗಿರುವುದರಿಂದ ಮುಂದಿನದು ಬೇಸಿಗೆಯಲ್ಲಿ ಆಗಬಹುದು, ವೈದ್ಯಕೀಯವಾಗಿ ಸರ್ವಋತು ಪರೀಕ್ಷೆ ಪೂರ್ತಿಯಾಗುತ್ತದೆ.

ಇಂಥ ಧರಣಿ ನಡೆದಾಗೆಲ್ಲ ಜಿಲ್ಲೆ, ತಾಲ್ಲೂಕುಗಳಲ್ಲಿ ಒಂದು ಪಿಸುಮಾತು ಹರಿದಾಡುತ್ತದೆ: ಗುರುವಾರದ ಲಸಿಕೆಗೆ ಬಾರದವರನ್ನು ಕೆಲಸದಿಂದ ತೆಗೆಯುತ್ತಾರಂತೆ. ನೌಕರಿಯೇ ಕೊಡದವರನ್ನು ನೌಕರಿಯಿಂದ ತೆಗೆಯುವುದು ಹೇಗೆ ಎಂಬ ಕಡತ ಬಹುಶಃ ಕಾನೂನು ಇಲಾಖೆಯಲ್ಲಿದೆ. ಅಭಿಪ್ರಾಯ ಬರುವವರೆಗೆ ಸರ್ವೆ ಫಾರಂ ಇವತ್ತೇ ತುಂಬಿ ಕಳಿಸಬೇಕಂತೆ.