ವಾಲಿಯನ್ನು ಕೊಲ್ಲುವ ಮುನ್ನ ಓದಿ

ರಾಮಾಯಣವನ್ನು ವಿಡಿಯೋ ಗೇಮ್ ಮಾಡಲು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಬಳಸುವ ಮುನ್ನ ಈ ಸೂಚನೆಗಳನ್ನು ಪೂರ್ತಿ ಓದಿ, ಮುಂದಿನ ಜಗಳಗಳಿಗಾಗಿ ಜೋಪಾನವಾಗಿ ಇಟ್ಟುಕೊಳ್ಳಿ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಸಾಮಾನು ಎಣಿಸಿ. ರಾಮ, ಲಕ್ಷ್ಮಣ, ಹನುಮಂತ, ಸುಗ್ರೀವ, ವಾಲಿ, ತಾರೆ, ಅಂಗದ, ಇಂದ್ರ ಕೊಟ್ಟ ಚಿನ್ನದ ಹಾರ ಒಂದು, ಒಂದೇ ಬಾಣಕ್ಕೆ ತೂತು ಬೀಳುವ ಮರ ಏಳು, ಮರೆಯಲ್ಲಿ ನಿಲ್ಲಲು ಬೇರೆ ಮರ ಒಂದು. ಸೀತೆ ಈ ಕಂತಿನಲ್ಲಿ ಬರುವುದಿಲ್ಲ. ‘ಎದುರು ಬಂದವನ ಅರ್ಧ ಬಲ ವಾಲಿಗೆ ಸೇರುತ್ತದೆ’ ಎಂಬ ವರ ಪೆಟ್ಟಿಗೆಯಲ್ಲಿ ಕಾಣದಿದ್ದರೆ ಗಾಬರಿ ಬೇಡ. ಅದು ವಾಲ್ಮೀಕಿಯ ಕಾರ್ಖಾನೆಯ ಮಾಲಲ್ಲ, ಆಮೇಲೆ ಊರೂರಿನಲ್ಲಿ ಜೋಡಿಸಿದ್ದು. ಆದರೆ ಅದಿಲ್ಲದೆ ಗೇಮ್ ಬಿಟ್ಟು ನೋಡಿ. ಲಕ್ಷ್ಮಣರೇಖೆಯ ಸಂಗತಿಯೂ ಇದೇ. ಮೂಲದಲ್ಲಿ ಇಲ್ಲದ ಆ ಗೆರೆಯನ್ನು ನೀವು ಎಳೆದರೆ ಯಾರೂ ಕೇಳುವುದಿಲ್ಲ, ಅಳಿಸಿದರೆ ಮಾತ್ರ ‘ರಾಮಾಯಣ ಓದಿದ್ದೀರಾ’ ಎಂದು ಕೇಳಿಸಿಕೊಳ್ಳಬೇಕಾಗುತ್ತದೆ. ಗೇಮ್ ಆಡುವವರು ಕ್ಯಾನನ್ (ಅಧಿಕೃತ ಕತೆ) ಎನ್ನುವ ವಸ್ತು ಗ್ರಂಥದಲ್ಲಿ ಅರ್ಧ ಇರುತ್ತದೆ, ಇನ್ನರ್ಧ ಕೇಳುವವರ ಕಿವಿಯಲ್ಲಿರುತ್ತದೆ. ಕಿವಿಯಲ್ಲಿರುವ ಅರ್ಧಕ್ಕೆ ಜೋರು ಹೆಚ್ಚು.

ಈ ಕೈಪಿಡಿ ಯಾರಿಗೆ? ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು, ಅಡಿಕೆ ಕೊಯ್ಲಿಗೆ ಊರಿಗೆ ಬಂದಾಗ ಜಗಲಿಯಲ್ಲಿ ‘ನಮ್ಮ ಕಡೆ ಕತೆ ಇಟ್ಟೇ ಒಂದು ಗೇಮ್ ಮಾಡ್ಬೇಕು’ ಎನ್ನುವ ಹುಡುಗ ಹುಡುಗಿಯರಿಗೆ. ಕೋಡಿಂಗ್ ಇದರಲ್ಲಿಲ್ಲ, ಅದು ನಿಮಗೇ ಗೊತ್ತು. ಹಳೆಯ ಕತೆಗೆ ಎಷ್ಟು ಕೈ ಹಾಕಬಹುದು, ಎಲ್ಲಿ ಹಾಕಿದರೆ ಶಾಕ್ ಹೊಡೆಯುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ಆ ವಿದ್ಯೆ ನಿಮ್ಮ ಜಗಲಿಯಲ್ಲೇ ತಾಳಮದ್ದಲೆಯ ಹೆಸರಿನಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಮ್ಯಾಪ್ ಹಾಕುವುದು

ಮೊದಲು ಭೂಪಟ. ಪಂಚವಟಿ ನಾಸಿಕದಲ್ಲಿದೆ ಎಂದು ಇಂಟರ್ನೆಟ್ ಹೇಳುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಮೃಗವಧೆಗೆ ಹೋಗಿ ಕೇಳಿದರೆ ಮಾಯಾಮೃಗವಾಗಿ ಬಂದ ಮಾರೀಚ ಸತ್ತದ್ದು ಅಲ್ಲಿ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಸೀತೆಗೆ ಬಾಯಾರಿಕೆಯಾಗಿ ರಾಮ ಅಂಬು ಹೂಡಿದ್ದಕ್ಕೆ ನೀರು ಚಿಮ್ಮಿತು, ಆ ನೀರೇ ಶರಾವತಿ. ಅದು ಹೊಸನಗರ ದಾಟಿ, ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿಗೆ ಬಂದು, ಜೋಗದಲ್ಲಿ ಬಿದ್ದು, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಕತೆ ಸುಳ್ಳಾಗಿದ್ದರೂ ಕರೆಂಟು ಉತ್ಪಾದಿಸುವ ನದಿ. ತೀರ್ಥಹಳ್ಳಿ ಪೇಟೆಯಲ್ಲಿ ತುಂಗೆಯ ನಡುವೆ ಪರಶುರಾಮ ಕೊಡಲಿ ತೊಳೆದ ಜಾಗವೂ ಉಂಟು. ಎರಡು ಅವತಾರಗಳು ಒಂದೇ ತಾಲ್ಲೂಕಿನಲ್ಲಿ ಓಡಾಡಿವೆ, ಗಡಿ ತಕರಾರು ಬಂದದ್ದಿಲ್ಲ.

ಮ್ಯಾಪ್ ಹಾಕುವಾಗ ಹೊಸನಗರ ತಾಲ್ಲೂಕಿನಲ್ಲಿ ಸ್ವಲ್ಪ ನಿಧಾನಿಸಿ. ಅಲ್ಲಿ ಹೆಸರಿನಲ್ಲೇ ರಾಮನನ್ನು ಇಟ್ಟುಕೊಂಡ ರಾಮಚಂದ್ರಾಪುರ ಮಠ ಇದೆ. ಪದ್ಮಾವತಿ ಅಮ್ಮನವರ ಜೈನ ಕ್ಷೇತ್ರ ಹೊಂಬುಜವೂ ಇದೆ. ಜೈನರ ರಾಮಾಯಣ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾಮ ಆ ಪಾಪಕ್ಕೆ ಕೈ ಹಾಕುವುದಿಲ್ಲ. ಕನ್ನಡದಲ್ಲಿ ನಾಗಚಂದ್ರ ಬರೆದ ರಾಮಚಂದ್ರಚರಿತಪುರಾಣ ಇದೇ ದಾರಿಯದು. ವಾಲಿಯ ಗತಿ ಇನ್ನೂ ಸ್ವಾರಸ್ಯದ್ದು. ಅವನು ರಾಜ್ಯವನ್ನು ಸುಗ್ರೀವನಿಗೆ ಒಪ್ಪಿಸಿ ದೀಕ್ಷೆ ತೆಗೆದುಕೊಂಡು ಹೊರಟುಹೋಗುತ್ತಾನೆ. ರಾಮ ಬಿಲ್ಲು ಹಿಡಿದು ಬರುವಷ್ಟರಲ್ಲಿ ಮರವಿದೆ, ಮರೆಯಿದೆ, ಹೊಡೆಯಲು ವಾಲಿಯೇ ಇಲ್ಲ. ಒಂದೇ ತಾಲ್ಲೂಕಿನಲ್ಲಿ ಎರಡು ಕ್ಯಾನನ್! ನಿಮ್ಮ ಗೇಮ್‌ನಲ್ಲಿ ಈ ಗಡಿ ದಾಟುವಾಗ ಆಟಗಾರನಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಯಂತ್ರ ನಡೆಯುವ ಬಗೆ

ಈ ಭಾಗ ಬಿಟ್ಟು ಓದಿದರೆ ಖಾತರಿ ರದ್ದಾಗುತ್ತದೆ.

ತಾಳಮದ್ದಲೆ ನೋಡದವರಿಗೆ: ವೇಷವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು, ಪಕ್ಕದಲ್ಲಿ ಮದ್ದಲೆ ಚಂಡೆ, ಎರಡು ಬದಿಗೆ ಪಂಚೆ ಶಲ್ಯದಲ್ಲಿ ಅರ್ಥಧಾರಿಗಳು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಪಾತ್ರದವರು ಅದಕ್ಕೆ ಅರ್ಥ ಹೇಳುತ್ತಾರೆ. ಪದ್ಯ ಅಚ್ಚಾದದ್ದು, ಅರ್ಥ ಆ ಕ್ಷಣಕ್ಕೆ ಹುಟ್ಟುವುದು. ನಾಲ್ಕು ಸಾಲಿಗೆ ಅರ್ಧ ಗಂಟೆ ಮಾತು ಬಂದರೂ ಆಶ್ಚರ್ಯವಿಲ್ಲ. ಎದುರು ಕೂತವರು ಏನು ಕೇಳುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಆಯ್ಕೆ ಕೊಟ್ಟು ಕತೆ ನಡೆಸುವ ಗೇಮ್‌ಗಳು ಈಗ ಕಷ್ಟಪಟ್ಟು ಮಾಡುತ್ತಿರುವುದನ್ನು ಒಂದು ಮದ್ದಲೆ, ಒಂದು ಜತೆ ತಾಳ ಇಟ್ಟುಕೊಂಡು ಬೆಳಗಿನವರೆಗೆ ಮಾಡಿದವರು ಇವರು.

ಈಗ ವಾಲಿವಧೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಿಂದ ಹಿಡಿದು ತಾಳಮದ್ದಲೆಯಲ್ಲಿ ಎಲ್ಲೆಡೆಯೂ ಘಟನೆ ಒಂದೇ: ಬಾಣ ತಾಗುತ್ತದೆ, ವಾಲಿ ಬೀಳುತ್ತಾನೆ, ರಾಮನನ್ನು ಪ್ರಶ್ನಿಸುತ್ತಾನೆ, ಕೊನೆಗೆ ಶರಣಾಗುತ್ತಾನೆ. ಬೀಳುವುದಕ್ಕೂ ಶರಣಾಗುವುದಕ್ಕೂ ನಡುವಿನ ಜಾಗವೇ ನಿಮ್ಮದು.

ಅಲ್ಲಿ ಇಷ್ಟು ಮಾತು ಹುಟ್ಟುವುದಕ್ಕೆ ಕಾರಣ ವಾಲ್ಮೀಕಿಯೇ ಬಿಟ್ಟ ಒಂದು ತೂತು. ಕಿಷ್ಕಿಂಧಾಕಾಂಡದಲ್ಲಿ ವಾಲಿ ಕೇಳುತ್ತಾನೆ: ನಾನು ನಿನ್ನ ಊರಿಗೆ ಬಂದು ಕೆಡುಕು ಮಾಡಿದವನಲ್ಲ, ಕೋತಿಯ ಚರ್ಮ ಹೊದೆಯಲು ಬಾರದು, ಮಾಂಸ ತಿನ್ನಲು ಬಾರದು, ಮರೆಯಲ್ಲಿ ನಿಂತು ಯಾಕೆ ಹೊಡೆದೆ? ರಾಮ ಕೊಡುವ ಉತ್ತರಗಳಲ್ಲಿ ಎರಡನ್ನು ಗಮನಿಸಿ. ಒಂದು: ನೀನು ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಭರತನ ಆಳ್ವಿಕೆಯ ಈ ಭೂಮಿಯಲ್ಲಿ ಅದಕ್ಕೆ ಮರಣದಂಡನೆ. ಇನ್ನೊಂದು: ನೀನು ಮರದ ಮೇಲಿನ ಮೃಗ, ಬೇಟೆಯಲ್ಲಿ ಮರೆಯಿಂದ ಹೊಡೆದರೆ ತಪ್ಪಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೃಗವಾದರೆ ದಾಂಪತ್ಯದ ಧರ್ಮ ಅವನಿಗೆ ಅನ್ವಯಿಸದು. ಧರ್ಮ ಅನ್ವಯಿಸುವುದಾದರೆ ಅವನು ಬೇಟೆಯ ಪ್ರಾಣಿಯಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ದೂರದೂರದಿಂದ ಬರುತ್ತಿದ್ದುದು ಸುಮ್ಮನೆ ಅಲ್ಲ. ಈ ಸಂದಿಗೆ ಒಳ್ಳೆಯ ಅರ್ಥಧಾರಿ ಕೈ ತೂರಿಸಿದರೆ ರಾಮನ ಅರ್ಥ ಹೇಳುವವನು ಶಲ್ಯದ ತುದಿಯಿಂದ ಹಣೆ ಒರೆಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಬಹುಮುಖ್ಯ ಸೂಚನೆ: ಮೂಲದಲ್ಲಿ ಹೊಂದಿಕೆಯಾಗದ ಜಾಗ ಕಂಡರೆ ಬಗ್ (ದೋಷ) ಎಂದು ಮುಚ್ಚಲು ಹೋಗಬೇಡಿ. ಬಾಗಿಲು ಅದೇ.

ಮುಂದಿನ ಎಚ್ಚರಿಕೆ ಅಷ್ಟೇ ಮುಖ್ಯ. ವಾಲಿ ವಾದದಲ್ಲಿ ಗೆದ್ದುಕೊಂಡೇ ಹೋಗುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಸಭೆ ಅವನ ಕಡೆ. ಭಾಗವತರ ಬೆರಳು ಪ್ರಸಂಗದ ಪುಟದ ಮೇಲೆ ಮುಂದಿನ ಪದ್ಯದ ಬಳಿ ಕೂತಿದೆ. ಆ ಪದ್ಯದಲ್ಲಿ ವಾಲಿ ರಾಮನನ್ನು ದೇವರೆಂದು ಕಂಡು ಕೈ ಮುಗಿಯಬೇಕು. ಭಾಗವತರು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾರೆ. ಅರ್ಥಧಾರಿಗೆ ತಿಳಿಯಲಿಲ್ಲ. ಮದ್ದಲೆಯವರು ಮೆಲ್ಲಗೆ ಬೆರಳಾಡಿಸುತ್ತಾರೆ. ಆಗಲೂ ತಿಳಿಯಲಿಲ್ಲ. ತಾಳ ಕುಟ್ಟಿ, ಪದ್ಯ ಎತ್ತಿಯೇಬಿಟ್ಟರು. ಅರೆಗಳಿಗೆಯ ಹಿಂದೆ ‘ನೀನು ಕಳ್ಳಬೇಟೆಗಾರ’ ಎಂದವನು ಈಗ ‘ಸ್ವಾಮಿ’ ಎನ್ನಬೇಕು. ಇದಕ್ಕೆ ನಮ್ಮಲ್ಲಿ ಆಭಾಸ ಎನ್ನುತ್ತಾರೆ. ಮುಂದಿನ ಸಾಲಿನಲ್ಲಿ ಕವಳ ಮೆಲ್ಲುತ್ತಿದ್ದವರು ಬಾಯಲ್ಲಿದ್ದುದನ್ನು ಉಗುಳಲು ಎದ್ದು ಹೋಗುವುದು ಈ ಹೊತ್ತಿಗೇ.

ಪಳಗಿದವನು ಹಾಗೆ ಮಾಡುವುದಿಲ್ಲ. ಎಷ್ಟೇ ಬೈದರೂ ಬೈಗುಳದ ಒಳಗೇ ಒಂದು ಎಳೆ ಬಿಟ್ಟಿರುತ್ತಾನೆ: ಇಷ್ಟು ಬೈದರೂ ಈತ ಸಿಟ್ಟಾಗಲಿಲ್ಲವಲ್ಲ, ಯಾರು ಈತ? ಪದ್ಯ ಬಂದಾಗ ಆ ಎಳೆಯನ್ನು ಎಳೆದರೆ ಸಾಕು. ವಾದದಲ್ಲಿ ಸೋಲದೆಯೇ ಶರಣಾಗಬಹುದು. ನಿಮ್ಮ ಗೇಮ್‌ನಲ್ಲಿ ಆಟಗಾರನಿಗೆ ಹತ್ತು ಉತ್ತರ ಆರಿಸಲು ಬಿಟ್ಟು, ಕೊನೆಗೆ ಹತ್ತಕ್ಕೂ ಒಂದೇ ದೃಶ್ಯ ತೋರಿಸುವುದಿದ್ದರೆ, ಆ ಎಳೆ ಹತ್ತರಲ್ಲೂ ಇರಬೇಕು. ಪದ್ಯವನ್ನು ಮುಟ್ಟಬೇಡಿ, ಪದ್ಯಗಳ ನಡುವೆ ಬೇಕಾದ್ದು ಮಾಡಿ, ನೀವೇ ಆಡಿದ ಮಾತನ್ನು ಮರೆಯಬೇಡಿ.

ಪದ್ಯವನ್ನೇ ಬದಲಾಯಿಸುವುದು (ಅನುಭವಿಗಳಿಗೆ ಮಾತ್ರ)

ಬದಲಾಯಿಸಲೇಬೇಕೇ? ತೀರ್ಥಹಳ್ಳಿಯವರಿಗೆ ಇದಕ್ಕೆ ಮಾದರಿ ಹುಡುಕಿಕೊಂಡು ಹೋಗುವ ಕಷ್ಟವಿಲ್ಲ, ಕುವೆಂಪು ಅವರ ಕುಪ್ಪಳಿ ಅಲ್ಲೇ ಇದೆ. ಅವರು ತಮ್ಮ ‘ಶೂದ್ರ ತಪಸ್ವಿ’ ನಾಟಕದಲ್ಲಿ, ಮೂಲದಲ್ಲಿ ರಾಮ ಕಡಿದ ಶಂಬೂಕನ ತಲೆ ಉಳಿಸಿದರು. ರಾಮನ ಅಸ್ತ್ರ ತಪಸ್ವಿಯನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಬೆನ್ನು ಹತ್ತಿತು. ಮಾಸ್ತಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹೊಸದು ಹೇಳಬೇಕಿದ್ದರೆ ಹೊಸ ಕತೆ ಕಟ್ಟಬಹುದಲ್ಲ, ಹಳೆಯದನ್ನು ತಿರುಗಿಸುವುದೇಕೆ ಎಂಬ ಧಾಟಿಯಲ್ಲಿ ಆಕ್ಷೇಪ ಎತ್ತಿದರು. ಕುವೆಂಪು ‘ಬೆರಳ್‌ಗೆ ಕೊರಳ್’ ನಾಟಕದ ಮುನ್ನುಡಿಯಲ್ಲಿ ಉತ್ತರ ಕೊಟ್ಟರು. ಇಂದಿನ ಗೇಮ್ ಅಭಿಮಾನಿಗಳು ರಾತ್ರಿಯಿಡೀ ಕಿತ್ತಾಡುವ ಜಗಳ ಇದೇ, ಕನ್ನಡ ಮಾತ್ರ ಇನ್ನೂ ಚೆನ್ನಾಗಿತ್ತು.

ಮಾಸ್ತಿಯವರ ದಾರಿಯಲ್ಲಿ ಹೋದ ಗೇಮ್ ಒಂದು ನಮ್ಮ ದೇಶದಲ್ಲೇ ಇದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ಯಲ್ಲಿ ದುರ್ಗೆ, ವಿಷ್ಣು, ಅಸುರರು ಎಲ್ಲ ಇದ್ದಾರೆ. ಆದರೆ ನಾಯಕಿ ಯಾವ ಪುರಾಣದಲ್ಲೂ ಇಲ್ಲದ ಹುಡುಗಿ, ಕಳೆದುಹೋದ ತಮ್ಮನನ್ನು ಹುಡುಕುವವಳು. ಹಳೆಯ ಮನೆಯಲ್ಲಿ ಹೊಸ ಬಾಡಿಗೆದಾರಳು, ಗೋಡೆ ಒಡೆಯುವ ಪ್ರಶ್ನೆಯೇ ಇಲ್ಲ. ಕ್ಷೇಮದ ದಾರಿ. ನನ್ನ ಮಟ್ಟಿಗೆ ಗೋಡೆ ಒಡೆದವರ ಮನೆಯೇ ಹೆಚ್ಚು ಗಾಳಿ ಬೆಳಕಿನದು, ಆದರೆ ಒಡೆಯುವವನಿಗೆ ಸೂರು ಯಾವ ಕಂಬದ ಮೇಲೆ ನಿಂತಿದೆ ಎಂದು ಗೊತ್ತಿರಬೇಕು. ‘ಶ್ರೀರಾಮಾಯಣ ದರ್ಶನಂ’ನಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಅದು ಆ ಪುಟಕ್ಕಾಗಿ ಹೊಸೆದ ಚಮತ್ಕಾರವಲ್ಲ. ವಾಲಿಯೆದುರು ತನ್ನ ತಪ್ಪನ್ನು ಒಪ್ಪಿಕೊಳ್ಳಬಲ್ಲ ರಾಮನನ್ನು ಕವಿ ಮೊದಲೇ ಕಟ್ಟಿಟ್ಟಿದ್ದರು. ಅಂಥವನು ಹೆಂಡತಿಯನ್ನು ಒಬ್ಬಳೇ ಬೆಂಕಿಗೆ ಕಳಿಸಿ ದಡದಲ್ಲಿ ನಿಲ್ಲಲಾರ.

ಕಂಬ ನೋಡದೆ ಒಡೆದರೆ ಏನಾಗುತ್ತದೆ ಎಂಬುದಕ್ಕೆ ಪಂಪನಷ್ಟು ದೊಡ್ಡವನ ಉದಾಹರಣೆ ಕೊಡಬೇಕಾಗಿರುವುದಕ್ಕೆ ಕ್ಷಮೆಯಿರಲಿ. ಸೊರಬ ದಾಟಿದರೆ ಸಿಗುವ ಬನವಾಸಿಯನ್ನು ಅಷ್ಟು ಪ್ರೀತಿಸಿದ ಕವಿ. ಕ್ರಿ.ಶ. 941ರ ವಿಕ್ರಮಾರ್ಜುನ ವಿಜಯದಲ್ಲಿ ಆಶ್ರಯದಾತ ಅರಿಕೇಸರಿಯೇ ಅರ್ಜುನ, ಆದ್ದರಿಂದ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ದೊರೆಯ ಹೆಂಡತಿಯನ್ನು ಐವರಿಗೆ ಹಂಚುವುದು ಸಾಧ್ಯವಿತ್ತೇ? ಸರಿ. ಆದರೆ ಅವಳ ಮುಡಿ ಕಟ್ಟುವ ಕೆಲಸ ಭೀಮನ ಕೈಯಲ್ಲೇ ಉಳಿಯಿತು. ಗಂಡ ಪಕ್ಕದಲ್ಲಿರುವಾಗ ಮೈದುನನೂ ಅಲ್ಲದ ಭಾವನಿಗೆ ಆ ಪರಿಯ ಆವೇಶ ಎಲ್ಲಿಂದ ಬಂತು ಎಂದು ವಿಮರ್ಶಕರು ಇಂದಿಗೂ ಕೇಳುತ್ತಾರೆ. ಒಂದು ಫೈಲ್ ತಿದ್ದಿ ಇನ್ನೊಂದನ್ನು ಮರೆತರೆ ಆಗುವುದು ಇದೇ. ಭೀಮನ ಆ ಪದ್ಯ ಬಂದಾಗ ಕೇಳುವವರೂ ಮರೆತುಬಿಡುತ್ತಾರೆ ಎಂಬುದು ಬೇರೆ ಮಾತು. ಅಂಥ ಪದ್ಯ ಬರೆಯುವ ಶಕ್ತಿ ನಿಮಗಿದ್ದರೆ ಈ ವಿಭಾಗವನ್ನು ಹಾರಿಸಬಹುದು.

ತೊಂದರೆ ಬಂದಾಗ

ತೊಂದರೆ: ಗೇಮ್ ಕೊನೆಗೆ ಮೂರು ಅಂತ್ಯ ಕೊಟ್ಟಿದ್ದೀರಿ. ಎರಡನೇ ಕಂತು ಯಾವ ಅಂತ್ಯದಿಂದ ಶುರುವಾಗಬೇಕು?

ಪರಿಹಾರ: 1996ರಲ್ಲಿ ಬಂದ ‘ಡ್ಯಾಗರ್‌ಫಾಲ್’ ಗೇಮ್‌ಗೆ ಇಂಥದೇ ಕಷ್ಟ ಬಂತು. 2002ರ ‘ಮೊರೊವಿಂಡ್’ ಹೊತ್ತಿಗೆ ಅದನ್ನು ಮಾಡಿದವರು ಕಾಲವೇ ಮುರಿದುಹೋಯಿತು, ಎಲ್ಲ ಅಂತ್ಯಗಳೂ ಒಟ್ಟಿಗೇ ನಡೆದವು ಎಂದುಬಿಟ್ಟರು. ‘ಜೆಲ್ಡಾ’ ಗೇಮ್‌ಗಳ ಅಧಿಕೃತ ಕಾಲಾನುಕ್ರಮವನ್ನು 2011ರಲ್ಲಿ ಅಚ್ಚು ಹಾಕಿಸಿದಾಗ ಕತೆ ಮೂರು ಕವಲಾಯಿತು, ಅದರಲ್ಲೊಂದು ಕವಲು ನಾಯಕ ಸೋತಿದ್ದರೆ ಏನಾಗುತ್ತಿತ್ತು ಎಂಬುದು. ಜಗತ್ತು ಬೆರಗಾಯಿತು. ನಮ್ಮ ಪುರಾಣದ ವ್ಯಾಖ್ಯಾನಕಾರರು ಬೆರಗಾಗುತ್ತಿರಲಿಲ್ಲ. ಎರಡು ಪುರಾಣ ಎರಡು ರೀತಿ ಹೇಳಿದರೆ ಅವರು ‘ಕಲ್ಪಭೇದ’ ಎಂದು ಬರೆದು ಮುಂದೆ ಹೋಗುತ್ತಿದ್ದರು: ಅದು ಆ ಕಲ್ಪದಲ್ಲಿ ನಡೆದದ್ದು, ಇದು ಈ ಕಲ್ಪದಲ್ಲಿ. ಈ ಮದ್ದು ಜಾಸ್ತಿ ತೆಗೆದುಕೊಳ್ಳಬೇಡಿ. ಏನು ಕೇಳಿದರೂ ಕಲ್ಪಭೇದ ಎಂದರೆ ಯಾವ ಕಲ್ಪದಲ್ಲಿ ವಾಲಿ ಸತ್ತರೂ ಯಾರಿಗೂ ದುಃಖವಾಗುವುದಿಲ್ಲ.

ತೊಂದರೆ: ಮೊದಲ ಸಾಲಿನ ಹಿರಿಯರು ಎದ್ದು ನಿಂತು ‘ತಮಾ, ನೀ ಹೇಳಿದ್ದು ಮೂಲದಲ್ಲಿ ಎಲ್ಲಿದ್ದು?’ ಎಂದು ಕೇಳುತ್ತಾರೆ.

ಪರಿಹಾರ: ಪುಸ್ತಕದ ಹೆಸರು ಹೇಳಲು ಹೋಗಬೇಡಿ, ಅವರು ಅದನ್ನು ಓದಿರುತ್ತಾರೆ. ‘ನನ್ನ ಕವಿತ್ವ’ ಎಂದೂ ಹೇಳಬೇಡಿ, ಇನ್ನೂ ಅಪಾಯ. ಪಾತ್ರದ ಬಾಯಲ್ಲೇ ಉತ್ತರಿಸಿ: ವಾಲಿಯಾಗಿದ್ದರೆ ವಾಲಿಯಾಗಿ. ಅದು ಆ ಪಾತ್ರದ ಬಾಯಿಗೆ ಒಪ್ಪಿದರೆ ಹಿರಿಯರು ‘ಹಂಗಾರೆ ಅಡ್ಡಿಲ್ಲೆ’ ಎಂದು ಕೂರುತ್ತಾರೆ. ಒಪ್ಪದಿದ್ದರೆ ಮೂಲದಲ್ಲಿ ಇದ್ದರೂ ಪ್ರಯೋಜನವಿಲ್ಲ.

ತೊಂದರೆ: ಬಿಡುಗಡೆಯಾದ ಮೇಲೆ ಅಂತ್ಯ ಸರಿಯಿಲ್ಲವೆಂದು ಗದ್ದಲ.

ಪರಿಹಾರ: 2012ರಲ್ಲಿ ‘ಮಾಸ್ ಎಫೆಕ್ಟ್ 3’ ಆಡಿದವರು ಹೀಗೇ ರೇಗಿದಾಗ, ಕೆಲವೇ ತಿಂಗಳಲ್ಲಿ ಕೊನೆಯ ದೃಶ್ಯಗಳನ್ನು ಹಿಗ್ಗಿಸಿ ಪುಕ್ಕಟೆ ಹಂಚಿದರು. ತಾಳಮದ್ದಲೆಯಲ್ಲಿ ಈ ಸೌಲಭ್ಯ ಇಲ್ಲ. ಬೆಳಗಿನ ಜಾವ ಭಾಗವತರು ಮಂಗಳ ಪದ್ಯ ಶುರು ಮಾಡಿದ ಮೇಲೆ ವಾಲಿ ಬಾಯಿ ತೆರೆಯುವಂತಿಲ್ಲ. ಹೇಳದೆ ಉಳಿದದ್ದು ಇದ್ದರೆ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದುಕೊಂಡಾಗ ರಾಮನ ಅರ್ಥ ಹೇಳಿದವರನ್ನು ಹಿಡಿದು ನಿಲ್ಲಿಸಿ. ಅಲ್ಲಿ ತಾಳ ಕುಟ್ಟಿ ಪದ್ಯ ಎತ್ತುವವರು ಯಾರೂ ಇರುವುದಿಲ್ಲ.