ಊರ್ಧ್ವಮುಖ ಮೀಮಾಂಸೆ ಅಥವಾ ಬಲೂನುತ್ಸವವನ್ನು ನೆಲದ ಮೇಲೆ ನಿಂತು ನೋಡುವ ಶಾಸ್ತ್ರ

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ಇದರಿಂದ ಓದುಗನಿಗೆ ಮೊದಲ ಪುಟದಲ್ಲೇ ಪುಸ್ತಕ ಮುಚ್ಚಿಡುವ ಅನುಕೂಲವಿತ್ತು. ಆ ಅನುಕೂಲವನ್ನು ನಾನೂ ಕಿತ್ತುಕೊಳ್ಳುವುದಿಲ್ಲ. ವಿಷಯ: ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕಿ ನಗರದಲ್ಲಿ ಪ್ರತಿ ಅಕ್ಟೋಬರ್ ಆರಂಭದಲ್ಲಿ ನಡೆಯುವ ಬಿಸಿಗಾಳಿ ಬಲೂನುಗಳ ಉತ್ಸವ. ಪ್ರಯೋಜನ: ಇಲ್ಲ. ಸಂಬಂಧ: ಪ್ರಯೋಜನವಿಲ್ಲದ ಕೆಲಸಕ್ಕೂ ಜನಸಂದಣಿಗೂ ಇರುವ ಅನಾದಿ ಸಂಬಂಧ. ಉತ್ಸವ ಒಂಬತ್ತು ದಿನ ನಡೆಯುತ್ತದೆ ಎಂದೊಡನೆ ಇದರ ಮೂಲ ನಮ್ಮ ನವರಾತ್ರಿಯೇ ಎಂದು ಸಾಧಿಸಲು ಕೆಲವರ ಕೈ ತುರಿಸೀತು. ಶನಿವಾರ ಹಿಡಿದು ಮುಂದಿನ ಭಾನುವಾರಕ್ಕೆ ಬಿಟ್ಟರೆ ಎರಡು ವಾರಾಂತ್ಯಗಳೂ ಒಂದೇ ಹಬ್ಬದಲ್ಲಿ ಬೀಳುತ್ತವೆ ಎಂಬ ಲೌಕಿಕ ಕಾರಣ ಇಲ್ಲಿ ಸಾಕಾಗುವುದರಿಂದ ಆ ವಾದವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಅಧಿಕಾರಿ ಯಾರು ಎಂಬಲ್ಲಿ ತುಸು ನಿಲ್ಲಬೇಕು. ಹೊತ್ತು ಮೂಡುವ ಮೊದಲೇ ಕತ್ತಲಲ್ಲಿ ಮೇಲೇಳುವ ‘ಡಾನ್ ಪಟ್ರೋಲ್’ ಬಲೂನುಗಳನ್ನು ಕಾಣಬೇಕಾದವನು ಮೂರು, ಮೂರೂವರೆಗೇ ಹಾಸಿಗೆ ಬಿಡಬೇಕು. ಊರಿರುವುದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಒಣನೆಲದಲ್ಲಿ. ಅಲ್ಲಿನ ಅಕ್ಟೋಬರ್ ನಸುಕಿಗೆ ಹಲ್ಲು ಕಟಕಟ ಎನ್ನುತ್ತದೆ. ಅವೇಳೆಯಲ್ಲಿ ಎದ್ದು, ಚಳಿಯಲ್ಲಿ ನಡುಗುತ್ತ, ಕೊನೆಗೆ ತಿನ್ನಲು ಬಿಸಿಯಾದದ್ದೇನೋ ಸಿಗುತ್ತದೆಂಬ ನಂಬಿಕೆಯೊಂದರ ಮೇಲೆ ಸಾಲಿನಲ್ಲಿ ನಿಲ್ಲುವ ವಿದ್ಯೆ ಯಾರಿಗೆ ಕರಗತ? ಧನುರ್ಮಾಸದ ಪೂಜೆಗೆ ಹೋಗಿ ಹುಗ್ಗಿ ತಿಂದು ಬೆಳೆದವರಿಗೆ. ಆದ್ದರಿಂದ ಕನ್ನಡಿಗರೇ ಈ ಶಾಸ್ತ್ರದ ಸಹಜ ಅಧಿಕಾರಿಗಳೆಂದು ಸಿದ್ಧವಾಯಿತು. ಮಕ್ಕಳ ಮನೆಯಲ್ಲಿ ಆರು ತಿಂಗಳಿರಲು ಅಮೆರಿಕಕ್ಕೆ ಹೋದ ತಂದೆತಾಯಿಯರನ್ನೇ ನೋಡಿ. ಜೆಟ್‌ಲ್ಯಾಗಿನ ಕೃಪೆಯಿಂದ ಮೂರು ಗಂಟೆಗೆ ಅವರು ಹೇಗೂ ಎದ್ದು ಕೂತಿರುತ್ತಾರೆ. ಮಂಕಿ ಕ್ಯಾಪು ಮೈಸೂರಿನಿಂದಲೇ ಸೂಟ್‌ಕೇಸಿನಲ್ಲಿ ಬಂದಿರುತ್ತದೆ. ಅನಧಿಕಾರಿ ಎನ್ನಬೇಕಾದರೆ ಅದು ಇನ್ನೂ ಮುಸುಕು ಹಾಕಿ ಮಲಗಿರುವ, ಕಾರು ಓಡಿಸಬೇಕಾದ ಮಗ.

ಇನ್ನು ಪೂರ್ವಪಕ್ಷ. ‘ಬಲೂನುತ್ಸವ ಹಾರುವವರ ಹಬ್ಬ, ನೆಲದ ಮೇಲಿರುವವರು ಬರೀ ನೋಡುಗರು’ ಎಂದು ಲೋಕ ನಂಬಿದೆ. ಇದು ಮೇಲ್ನೋಟಕ್ಕೆ ಸರಿ. ಮೇಲೆ ನೋಡಿದಷ್ಟೂ ಸರಿ. ನಮ್ಮ ಸಿದ್ಧಾಂತ ಇದಕ್ಕೆ ತದ್ವಿರುದ್ಧ: ಹಾರುವವನು ನಿಮಿತ್ತಮಾತ್ರ, ಕತ್ತು ಎತ್ತಿ ನಿಂತವನೇ ಈ ಹಬ್ಬದ ಕರ್ತೃ. ಇದನ್ನು ಕ್ರಮವಾಗಿ ಸಾಧಿಸುತ್ತೇನೆ. ನಡುವೆ ದಿಕ್ಕು ತಪ್ಪಿದರೆ ಅದು ವಿಷಯದ ಗುಣವೆಂದು ತಿಳಿಯತಕ್ಕದ್ದು.

ಮೊದಲನೆಯದು ಧೂಮಾಧಿಕರಣ. ಬಲೂನು ಏಕೆ ಏಳುತ್ತದೆ? ಫ್ರಾನ್ಸಿನ ಕಾಗದ ತಯಾರಕರಾದ ಮಾಂಟ್‌ಗಾಲ್ಫಿಯೆ ಸೋದರರು 1783ರ ಜೂನ್ 4ರಂದು ಆನೊನೆ ಎಂಬ ಊರಿನಲ್ಲಿ ಮೊದಲ ಬಾರಿಗೆ ಎಲ್ಲರೆದುರು ಬಲೂನು ಹಾರಿಸಿದಾಗ, ಅದನ್ನು ಎತ್ತುವುದು ಹೊಗೆ ಎಂದೇ ಅವರು ತಿಳಿದಿದ್ದರು. ಅದಕ್ಕಾಗಿ ಒಣಹುಲ್ಲಿನ ಜೊತೆ ಉಣ್ಣೆಯನ್ನೂ ಸುಟ್ಟು, ಗಾಢವಾದ, ವಾಸನೆಯ ಹೊಗೆ ಮಾಡಿದರು. ಸಿದ್ಧಾಂತ ಪೂರ್ತಿ ತಪ್ಪು, ಬಲೂನು ಪೂರ್ತಿ ಮೇಲೆ. ಪಂಡಿತರಾದ ನಮಗೆ ಇದಕ್ಕಿಂತ ಕಸಿವಿಸಿಯ ಉದಾಹರಣೆ ಚರಿತ್ರೆಯಲ್ಲಿ ಮತ್ತೊಂದಿಲ್ಲ.

ನಿಜವಾದ ಕಾರಣ ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಮುಗಿಯುವಷ್ಟು ಸರಳ. ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ. ಒಳಗಿನ ಗಾಳಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಪ್ರತಿ ಘನಮೀಟರೂ ಸುಮಾರು ಕಾಲು ಕಿಲೋ ಭಾರ ಹೊರಬಲ್ಲದು. 2,200 ಘನಮೀಟರಿನ ಬಲೂನಾದರೆ ಬಟ್ಟೆ, ಬುಟ್ಟಿ, ಬರ್ನರು, ಪ್ರೊಪೇನ್ ಸಿಲಿಂಡರು, ಮನುಷ್ಯರು ಎಲ್ಲ ಸೇರಿ ಸುಮಾರು 550 ಕಿಲೋ. ಹೊರಗಿನ ಗಾಳಿ ತಣ್ಣಗಿದ್ದಷ್ಟೂ ಈ ವ್ಯತ್ಯಾಸ ಹೆಚ್ಚುತ್ತದೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಗಾಳಿಯ ಹುಚ್ಚಾಟವೂ ಶುರುವಾಗುತ್ತದೆ. ಬೆಳಗಿನ ಜಾವದ ಹಿಂಸೆಗೆ ಇವೆರಡೇ ಕಾರಣ. ಇಲ್ಲಿ ಉಪಸಿದ್ಧಾಂತವೊಂದಿದೆ: 75 ಕಿಲೋ ತೂಗುವ ಪ್ರಬಂಧಕಾರನನ್ನು ಎತ್ತಲು 300 ಘನಮೀಟರ್ ಬಿಸಿಗಾಳಿ ಬೇಕು. ಪ್ರಬಂಧಕಾರನ ಬಳಿ ಅಷ್ಟು ಬಿಸಿಗಾಳಿ ಸ್ವಂತವಾಗಿಯೇ ಇದೆ ಎಂಬ ಆಕ್ಷೇಪವನ್ನು ಮನೆಯವರು ಎತ್ತಿದ್ದಾರೆ, ಉತ್ತರಿಸುವುದಿಲ್ಲ.

ಅನಂತರದ್ದು ಕುಕ್ಕುಟಾಧಿಕರಣ. ಈ ಶಾಸ್ತ್ರದ ತಿರುಳೇ ಇಲ್ಲಿರುವುದರಿಂದ ಅವಸರ ಸಲ್ಲದು. ಅದೇ 1783ರ ಸೆಪ್ಟೆಂಬರ್ 19ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯ ಸಮಕ್ಷಮ ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಬುಟ್ಟಿಯಲ್ಲಿ ಕೂತು ಆಕಾಶಕ್ಕೆ ಏರಿದವು. ಸುಮಾರು ಎಂಟು ನಿಮಿಷ ಹಾರಿ, ಮೂರು ಕಿಲೋಮೀಟರಿನಷ್ಟು ದೂರದ ಕಾಡಿನಲ್ಲಿ ಇಳಿದವು. ನೋಡಿದರೆ ಹುಂಜದ ರೆಕ್ಕೆಗೆ ಪೆಟ್ಟಾಗಿತ್ತು. ಎತ್ತರದ ಗಾಳಿ ಜೀವಕ್ಕೆ ಅಪಾಯವೇ ಎಂಬ ಗಂಭೀರ ಪ್ರಶ್ನೆ ಎದ್ದಿತು. ಹಾರುವ ಮೊದಲೇ ಕುರಿ ಹುಂಜವನ್ನು ಒದ್ದದ್ದನ್ನು ಕಂಡ ಸಾಕ್ಷಿಗಳು ಸಿಕ್ಕ ಮೇಲೆ ವಿಜ್ಞಾನ ನಿಟ್ಟುಸಿರು ಬಿಟ್ಟಿತು. ಈಗ ಯೋಚಿಸಿ: ಈ ಸತ್ಯವನ್ನು ಹೇಳಿದವರು ಯಾರು? ಹಾರಿದ ಮೂವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಹೇಳಿದವರು ನೆಲದ ಮೇಲೆ ನಿಂತು ನೋಡುತ್ತಿದ್ದವರು. ವೈಮಾನಿಕ ಜ್ಞಾನವೆಲ್ಲ ನೆಲದವರದೇ ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ? ಎರಡು ತಿಂಗಳ ಬಳಿಕ, ನವೆಂಬರ್ 21ರಂದು, ಪಿಲಾತ್ರ್ ದ ರೋಜಿಯೆ ಮತ್ತು ದಾರ್ಲಾಂದ್ ಎಂಬಿಬ್ಬರು ಪ್ಯಾರಿಸ್ಸಿನ ಮೇಲೆ ಹಾರಿ ಮಾನವಕುಲದ ಮೊದಲ ಮುಕ್ತ ಹಾರಾಟ ನಡೆಸಿದರು. ಅದರಲ್ಲಿ ಕುರಿಯಿಲ್ಲದ ಕಾರಣ ನಮ್ಮ ವಾದಕ್ಕೆ ಉಪಯೋಗವಿಲ್ಲ.

ಇಲ್ಲಿ ನಮ್ಮ ನಾಡಿನ ಕೊಡುಗೆಯನ್ನು ಬಿಟ್ಟರೆ ಗ್ರಂಥಕ್ಕೆ ಲೋಪ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಭರದ್ವಾಜ ಮಹರ್ಷಿಗಳದೆಂದು ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವನ್ನು ಮೈಸೂರಿನ ಜಿ.ಆರ್. ಜೋಸ್ಯರ್ ಇಂಗ್ಲಿಷ್ ಅನುವಾದದೊಡನೆ 1973ರಲ್ಲಿ ಪ್ರಕಟಿಸಿದರು. ಅದರಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವಿವರವಿದೆ. ಚಾಲಕ ಏನು ಉಣ್ಣಬೇಕು, ಏನು ಉಡಬೇಕು ಎಂಬುದೂ ಇದೆ. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರಿಶೀಲಿಸಿ, ಈ ಕೃತಿ 1904ಕ್ಕಿಂತ ಹಳೆಯದಲ್ಲ, ಇದರಲ್ಲಿ ಹೇಳಿದ ವಿಮಾನಗಳು ಹಾರಲಾರವು ಎಂದು ತೀರ್ಪಿತ್ತರು. ಅಂದರೆ ಆ ವಿಮಾನಗಳಿಗೆ ಹಾರಾಟವೊಂದು ಬಿಟ್ಟು ಉಳಿದೆಲ್ಲ ಇತ್ತು. ಬಲೂನಿಗೆ ಹಾರಾಟವೊಂದು ಬಿಟ್ಟು ಉಳಿದದ್ದೇನೂ ಇಲ್ಲ: ಎಂಜಿನ್ನಿಲ್ಲ, ರೆಕ್ಕೆಯಿಲ್ಲ, ಬ್ರೇಕಿಲ್ಲ, ಸ್ಟಿಯರಿಂಗ್ ಇಲ್ಲ.

ಸ್ಟಿಯರಿಂಗ್ ಇಲ್ಲ ಎಂಬುದನ್ನು ಅಡಿಗೆರೆ ಹಾಕಿ ಓದಬೇಕು. ಬಲೂನಿನ ಪೈಲಟ್ಟಿಗೆ ತಿಳಿದಿರುವ ಕ್ರಿಯೆಗಳು ಎರಡೇ. ಬರ್ನರಿನ ಕಿವಿ ಹಿಂಡಿದರೆ ಮೇಲೆ. ನೆತ್ತಿಯ ಮುಚ್ಚಳ ತೆರೆದು ಬಿಸಿಗಾಳಿ ಬಿಟ್ಟರೆ ಕೆಳಗೆ. ಎಡಬಲಗಳು ಗಾಳಿಗೆ ಬಿಟ್ಟದ್ದು. ಹೀಗಿದ್ದೂ ಅಲ್ಬುಕರ್ಕಿ ಬಲೂನುಗಳ ಕಾಶಿಯಾದದ್ದು ಹೇಗೆ? ಇದೇ ಪೆಟ್ಟಿಗೆಯ ಅಧಿಕರಣ. ಅಲ್ಲಿನವರು ‘ಬಾಕ್ಸ್’ ಎಂದೇ ಕರೆಯುವ ವಿದ್ಯಮಾನವಿದು. ಪೂರ್ವಕ್ಕೆ ಸ್ಯಾಂಡಿಯಾ ಬೆಟ್ಟಸಾಲು, ಪಕ್ಕದಲ್ಲಿ ರಿಯೊ ಗ್ರಾಂಡೆ ನದಿಯ ಕಣಿವೆ. ಶರತ್ಕಾಲದ ರಾತ್ರಿಯಲ್ಲಿ ತಣಿದು ಭಾರವಾದ ಗಾಳಿ ಕಣಿವೆಗುಂಟ ಉತ್ತರದಿಂದ ದಕ್ಷಿಣಕ್ಕೆ ಇಳಿದುಹೋಗುತ್ತದೆ. ಅದರ ಮೇಲಿನ ಪದರದಲ್ಲಿ ಗಾಳಿ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತಿರುತ್ತದೆ. ಪೈಲಟ್ ತಗ್ಗಿನಲ್ಲಿ ದಕ್ಷಿಣಕ್ಕೆ ತೇಲಿ, ಬರ್ನರು ಉರಿಸಿ ಮೇಲಿನ ಪದರಕ್ಕೆ ಏರಿ, ಅಲ್ಲಿಂದ ಉತ್ತರಕ್ಕೆ ಮರಳಿ, ಹೊರಟ ಮೈದಾನದ ಆಸುಪಾಸಿನಲ್ಲೇ ಇಳಿಯಬಹುದು. ಎಲ್ಲ ದಿನವೂ ಈ ಪೆಟ್ಟಿಗೆ ತೆರೆಯುವುದಿಲ್ಲ. ತೆರೆದ ದಿನ ಪೈಲಟ್ಟುಗಳ ಮುಖ ನೋಡಬೇಕು, ಎಲ್ಲ ತಾವೇ ಏರ್ಪಡಿಸಿದಂತಿರುತ್ತದೆ. ವಾಸ್ತವದಲ್ಲಿ ಈ ಏರ್ಪಾಡಿನ ಶ್ರೇಯಸ್ಸು ಒಂದು ಬೆಟ್ಟ, ಒಂದು ನದಿ, ಒಂದಿಷ್ಟು ಚಳಿಗೆ ಸಲ್ಲಬೇಕು. ಮೂರೂ ನೆಲದ ಪಕ್ಷದವು.

ಪೂರ್ವಪಕ್ಷಿ ಸೋತರೂ ಬಿಡುವವನಲ್ಲ. ‘1978ರ ಆಗಸ್ಟಿನಲ್ಲಿ ಇದೇ ಅಲ್ಬುಕರ್ಕಿಯ ಬೆನ್ ಅಬ್ರುಜೊ, ಮ್ಯಾಕ್ಸಿ ಆಂಡರ್ಸನ್, ಲ್ಯಾರಿ ನ್ಯೂಮನ್ ಎಂಬ ಮೂವರು ಡಬಲ್ ಈಗಲ್ 2 ಎಂಬ ಹೀಲಿಯಂ ಬಲೂನಿನಲ್ಲಿ ಅಟ್ಲಾಂಟಿಕ್ ಸಾಗರವನ್ನೇ ಮೊದಲ ಬಾರಿಗೆ ದಾಟಿದರಲ್ಲ? ಮೇನ್ ರಾಜ್ಯದಿಂದ ಹೊರಟು ಫ್ರಾನ್ಸಿನ ಮಿಸೆರೆಯಲ್ಲಿ ಇಳಿಯಲು 137 ಗಂಟೆ ಗಾಳಿಯಲ್ಲಿದ್ದವರು ಹಬ್ಬದ ಕರ್ತೃಗಳಲ್ಲವೆ?’ ಎಂದು ಕೇಳುತ್ತಾನೆ. ಒಳ್ಳೆಯ ಪ್ರಶ್ನೆ. ಅವರಲ್ಲಿ ಇಬ್ಬರ ಹೆಸರಿನಲ್ಲಿ ಊರಿನವರು 2005ರಲ್ಲಿ ಬಲೂನು ವಸ್ತುಸಂಗ್ರಹಾಲಯ ತೆರೆದರು. ಅದು ನೆಲದ ಮೇಲಿದೆ. ಮುಂದಕ್ಕೆ ಹೋಗೋಣ.

ಚರಿತ್ರೆಯನ್ನು ಎರಡು ಮಾತಿನಲ್ಲಿ ಮುಗಿಸಬಹುದು. 1972ರಲ್ಲಿ ಸ್ಥಳೀಯ ರೇಡಿಯೊ ಕೇಂದ್ರವೊಂದರ ಐವತ್ತನೆಯ ವರ್ಷಾಚರಣೆಗೆಂದು, ಶಾಪಿಂಗ್ ಮಾಲೊಂದರ ಪಾರ್ಕಿಂಗ್ ಜಾಗದಲ್ಲಿ 13 ಬಲೂನುಗಳು ಸೇರಿದ್ದೇ ಬೀಜ. 2000ದಲ್ಲಿ ಸಂಖ್ಯೆ ಸಾವಿರ ದಾಟಿತು. ಅದು ಅತಿಯಾಯಿತೆಂದು ಆಮೇಲೆ ಇಳಿಸಿದರು. ಈಗ ಐನೂರರ ಮೇಲಿದೆ.

ಮೈದಾನದೊಳಗಿನ ಆಡಳಿತ ಮಾತ್ರ ಮನನಯೋಗ್ಯ. ಇಲ್ಲಿ ನೋಡುಗರನ್ನು ಹಗ್ಗ ಕಟ್ಟಿ ಆಚೆ ನಿಲ್ಲಿಸುವುದಿಲ್ಲ. ಹುಲ್ಲಿನ ಮೇಲೆ ಹಾಸಿದ ಬಟ್ಟೆ ಫ್ಯಾನಿನ ಗಾಳಿಗೆ ಉಬ್ಬುವುದನ್ನೂ, ಬೆಂಕಿ ಬಿದ್ದೊಡನೆ ಎದ್ದು ನಿಲ್ಲುವುದನ್ನೂ ಪಕ್ಕದಲ್ಲೇ ನಿಂತು ನೋಡಬಹುದು. ಹಾರಬೇಕೇ ಬೇಡವೇ ಎಂಬುದನ್ನು ಬಾವುಟ ಹೇಳುತ್ತದೆ: ಹಸಿರಾದರೆ ಹೊರಡಿ, ಹಳದಿಯಾದರೆ ಕಾಯಿರಿ, ಕೆಂಪಾದರೆ ಮನೆಗೆ ಹೋಗಿ. ಹಸಿರಿದ್ದರೂ ಪೈಲಟ್ ತನ್ನಿಷ್ಟಕ್ಕೆ ಏಳುವಂತಿಲ್ಲ. ಕಪ್ಪುಬಿಳಿ ಪಟ್ಟೆಯ ಅಂಗಿ ತೊಟ್ಟು, ಸೀಟಿ ಹಿಡಿದ, ‘ಜೀಬ್ರಾ’ ಎಂದೇ ಹೆಸರಾದ ಉಡಾವಣಾ ನಿರ್ದೇಶಕರು ಮೇಲೆ ಜಾಗ ತೆರವಿದೆಯೇ ಎಂದು ನೋಡಿ, ಹೆಬ್ಬೆರಳೆತ್ತಿ ಅಪ್ಪಣೆ ಕೊಡಬೇಕು. ಆಕಾಶಕ್ಕೆ ಹೋಗುವ ಪರವಾನಗಿ ಕೊಡುವವನು ನೆಲದ ಮೇಲೆ, ಅದೂ ಪ್ರಾಣಿಯೊಂದರ ವೇಷದಲ್ಲಿ ನಿಂತಿರುತ್ತಾನೆ. ನಮ್ಮ ಸಿದ್ಧಾಂತಕ್ಕೆ ಕೀಲಿ ಬಿದ್ದಂತಾಯಿತು.

ಆಕಾರಭೇದದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಬಲೂನು ಗುಂಡಗಿರಬೇಕು ಎಂದು ಸನಾತನಿಗಳು. ಆದರೆ 1989ರಿಂದ ಇಲ್ಲಿ ವಿಶೇಷಾಕಾರದ ಬಲೂನುಗಳಿಗೆ ಬೇರೆಯೇ ಸಂಭ್ರಮವಿದೆ. ಕೈಕೈ ಹಿಡಿದು ಏರುವ ಜೇನುಹುಳುಗಳಿವೆ, ಡಾರ್ತ್ ವೇಡರನ ತಲೆಯಿದೆ, ಹಾಲಿನ ಕಂಪನಿಯೊಂದರ ಐರಬೆಲ್ ಎಂಬ ಹಾರುವ ಹಸು ಇದೆ. ಕಾಮಧೇನುವಿನ ವಿಷಯದಲ್ಲಿ ಈವರೆಗೆ ಸಂದೇಹ ತಾಳಿದ್ದವರು ಅದರ ಕೆಚ್ಚಲ ನೆರಳಲ್ಲಿ ಒಂದು ನಿಮಿಷ ನಿಂತು ಬಂದರೆ ಒಳಿತು. ನಾನು ಸನಾತನಿಗಳ ಪಕ್ಷ. ಆದರೂ ಫೋಟೊ ತೆಗೆಸಿಕೊಳ್ಳಬೇಕಾದರೆ ಹಸುವಿನ ಜೊತೆಯೇ.

ಭೋಜನಾಧಿಕರಣ ಚಿಕ್ಕದು. ಮೊಟ್ಟೆ, ಆಲೂಗಡ್ಡೆ, ಚೀಸು, ಹುರಿದ ಹಸಿಮೆಣಸಿನಕಾಯಿಗಳನ್ನು ಗೋಧಿರೊಟ್ಟಿಯಲ್ಲಿ ಸುತ್ತಿ ಕೊಡುವ ಬೆಳಗಿನ ಬರಿಟೊ ಈ ಹಬ್ಬದ ನೈವೇದ್ಯ. ‘ಕೆಂಪೋ ಹಸಿರೋ?’ ಎಂಬುದು ನ್ಯೂ ಮೆಕ್ಸಿಕೊದ ಅಧಿಕೃತ ರಾಜ್ಯಪ್ರಶ್ನೆ. ಮೆಣಸಿನಕಾಯಿಯ ಗೊಜ್ಜು ಯಾವುದು ಬೇಕೆಂದು ಅರ್ಥ. ಎರಡೂ ಬೇಕೆನ್ನುವವರು ‘ಕ್ರಿಸ್ಮಸ್’ ಎನ್ನಬೇಕು. ರಾಜ್ಯಕ್ಕೆ ಪಕ್ಷಿ, ಪ್ರಾಣಿ, ಮರ ಇರುವುದನ್ನು ಬಲ್ಲೆವು. ಪ್ರಶ್ನೆಯೂ ಇರಬಹುದೆಂದು ಮೀಮಾಂಸಕರಾದ ನಮಗೆ ಹೊಳೆಯದೆ ಹೋದದ್ದು ವಿಷಾದಕರ. ಕಾಲು ಕಿಲೋ ಬರಿಟೊ ತಿಂದವನನ್ನು ಎತ್ತಲು ಇನ್ನೊಂದು ಘನಮೀಟರ್ ಬಿಸಿಗಾಳಿ ಬೇಕೆಂಬುದನ್ನು ಮೇಲಿನ ಲೆಕ್ಕದಿಂದ ಓದುಗರೇ ಊಹಿಸಿಕೊಳ್ಳಬಹುದು. ನಿಂತು ನೋಡುವವನಿಗೆ ಆ ಮಿತಿಯೂ ಇಲ್ಲ.

ಕಡೆಯದು ಅವರೋಹಣ. 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಿಂದ ಹೊರಟ ಷಾರ್ಲ್ ಎಂಬ ವಿಜ್ಞಾನಿಯ ಜಲಜನಕದ ಬಲೂನು ಗೊನೆಸ್ ಎಂಬ ಹಳ್ಳಿಯಲ್ಲಿ ಬಿದ್ದಾಗ, ಊರಿನವರು ಅದನ್ನು ರಾಕ್ಷಸನೆಂದು ತಿಳಿದು ಕವಲುಗೋಲುಗಳಿಂದ ಇರಿದು ಹರಿದುಹಾಕಿದರು. ಹೆದರಬೇಡಿ ಎಂದು ಸರ್ಕಾರ ಪ್ರಕಟಣೆ ಹೊರಡಿಸಬೇಕಾಯಿತು. ಹೊಲದ ಯಜಮಾನನನ್ನು ಒಲಿಸಿಕೊಳ್ಳಲೆಂದೇ ಪೈಲಟ್ಟುಗಳು ಷಾಂಪೇನ್ ಬಾಟಲಿ ಜೊತೆಗೊಯ್ಯುವ ರೂಢಿ ಬಂತೆಂದು ಐತಿಹ್ಯ. ಅಲ್ಬುಕರ್ಕಿಯಲ್ಲಿ ಬಲೂನು ಮೈದಾನದಲ್ಲೂ ಇಳಿಯಬಹುದು, ಯಾರದೋ ಮನೆಯ ಹಿಂದಿನ ಖಾಲಿ ಜಾಗದಲ್ಲೂ ಇಳಿಯಬಹುದು. ಪಿಕಪ್ ಟ್ರಕ್ಕಿನಲ್ಲಿ ಬೀದಿಬೀದಿ ಅಟ್ಟಿಸಿಕೊಂಡು ಬಂದ ‘ಚೇಸ್ ಕ್ರೂ’ ಅಲ್ಲಿಗೆ ಧಾವಿಸುತ್ತದೆ. ನೈಟಿಯಲ್ಲಿ ಹೊರಬಂದ ಮನೆಯಾಕೆ, ಶಾಲೆಗೆ ಹೊರಟ ಮಕ್ಕಳು, ದಾರಿಹೋಕ ಪಂಡಿತ, ಯಾರು ಸಿಕ್ಕರೂ ಸರಿ, ಬಟ್ಟೆಯಿಂದ ಗಾಳಿ ಹಿಂಡಿ, ಮಡಚಿ, ಚೀಲಕ್ಕೆ ತುರುಕುವ ಕೆಲಸಕ್ಕೆ ಹಚ್ಚಲಾಗುತ್ತದೆ. ಪೈಲಟ್ ಆಗ ಯಾವ ಎತ್ತರದಲ್ಲಿ ಯಾವ ಗಾಳಿ ಸಿಕ್ಕಿತೆಂದು ಕೈಯಾಡಿಸಿ ವಿವರಿಸುತ್ತಿರುತ್ತಾನೆ. ಕೇಳುವವರ ಕೈ ಖಾಲಿಯಿರುವುದಿಲ್ಲ.

ಬಿಸಿಲೇರುವಷ್ಟರಲ್ಲಿ ಆಕಾಶ ಬರಿದಾಗುತ್ತದೆ. ಪೆಟ್ಟಿಗೆ ತೆರೆದ ದಿನವಾದರೆ ಸ್ಟಿಯರಿಂಗ್ ಇಲ್ಲದ ವಾಹನಗಳು ಹೊರಟಲ್ಲಿಗೇ ಮರಳಿ, ಮಡಚಿಕೊಂಡು, ಟ್ರಕ್ಕು ಏರಿರುತ್ತವೆ. ಆಗ ಸ್ಟಿಯರಿಂಗ್ ಇರುವ ಸಾವಿರಾರು ವಾಹನಗಳು ಒಟ್ಟಿಗೇ ಹೊರಟು, ಪಾರ್ಕಿಂಗ್ ಮೈದಾನದ ಬಾಗಿಲಲ್ಲಿ ಒಂದರ ಬಾಲಕ್ಕೊಂದು ಮೂತಿಯಿಟ್ಟು ನಿಲ್ಲುತ್ತವೆ. ಮಗ ಹಾರನ್ ಒತ್ತುತ್ತಾನೆ. ಹಿಂದಿನ ಸೀಟಿನಲ್ಲಿ ಅಪ್ಪ ಮಂಕಿ ಕ್ಯಾಪು ತೆಗೆದು ಮಡಿಲಲ್ಲಿಟ್ಟುಕೊಂಡು, ಇನ್ನೂ ಸ್ವಲ್ಪ ಮೇಲಕ್ಕೆ ಹೋದರೆ ಉತ್ತರಕ್ಕೆ ಬೀಸುವ ಗಾಳಿ ಸಿಕ್ಕೀತು ಎನ್ನುತ್ತಾರೆ.